ಕಿರಿದಾದ ಜಠರ, ಕಿರಿದಾಗದ ಬಾಳೆಲೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಒಬ್ಬ ವ್ಯಕ್ತಿಯ ಜಠರವನ್ನು ಬದಲಾಯಿಸುತ್ತದೆಯೇ ಹೊರತು ಆ ವ್ಯಕ್ತಿ ಉಣ್ಣುವ ಮನೆಯನ್ನಾಗಲಿ, ಕುಳಿತುಕೊಳ್ಳುವ ಪಂಕ್ತಿಯನ್ನಾಗಲಿ, ಬಡಿಸುವವರ ಕೈಯನ್ನಾಗಲಿ ಬದಲಾಯಿಸುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆಯವರಿಗೆ ಇಂಥ ಚಿಕಿತ್ಸೆಗೆ ಹತ್ತಿರದ ದೊಡ್ಡ ಊರು ಮಂಗಳೂರು. ಅಲ್ಲಿಂದ ಕೆಲವೇ ದಿನಗಳಲ್ಲಿ ಮನೆಗೆ ಮರಳುವವರ ಕೈಯಲ್ಲಿ ಆಹಾರಕ್ರಮದ ಪಟ್ಟಿಯೊಂದು ಇರುತ್ತದೆಯಾದರೂ ಆ ಪಟ್ಟಿ ಕುಚ್ಚಲಕ್ಕಿಯ ಗಂಜಿ, ನೀರುದೋಸೆ, ಬೂತಾಯಿ ಸಾರು, ಬಂದವರಿಗೆಲ್ಲ ಕೊಡುವ ಬೆಲ್ಲ ಮತ್ತು ನೀರು, ಇವುಗಳ ನಡುವೆ ಹೇಗೆ ಬಾಳಬೇಕೆಂಬುದನ್ನು ಹೇಳುವುದು ಕಡಿಮೆ. ಚಿಕಿತ್ಸೆಯ ನಂತರದ ಹೊಂದಾಣಿಕೆಯನ್ನು ಮನೋಬಲದ ಪ್ರಶ್ನೆಯೆಂದು ನೋಡುವುದು ವಾಡಿಕೆ. ಊಟದ ಶಿಷ್ಟಾಚಾರವನ್ನು ಹೊಸದಾಗಿ ಕಲಿಯುವ ಪ್ರಶ್ನೆಯೆಂದು ನೋಡಿದರೆ ಅದು ಹೆಚ್ಚು ಸ್ಪಷ್ಟವಾಗುತ್ತದೆ.

ವೈದ್ಯರು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಕರೆಯುವ ಈ ವಿಧಾನಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆದು ಉಳಿದುದನ್ನು ಸಪೂರವಾದ ಕೊಳವೆಯಾಗಿ ಹೊಲಿಯುತ್ತಾರೆ. 1966ರಲ್ಲಿ ಅಮೆರಿಕದ ಎಡ್ವರ್ಡ್ ಮೇಸನ್ ಆರಂಭಿಸಿ ಮುಂದೆ ಹಲವು ಮಾರ್ಪಾಡುಗಳನ್ನು ಕಂಡ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಮಾತ್ರ ಹಿಡಿಯುವ ಪುಟ್ಟ ಚೀಲವನ್ನು ಜಠರದ ಮೇಲ್ಭಾಗದಲ್ಲಿ ರೂಪಿಸಿ, ಸಣ್ಣಕರುಳಿನ ಮೊದಲ ಭಾಗವನ್ನು ಬದಿಗಿಟ್ಟು ಅದರ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಜಠರದ ಮೇಲಿನ ಉಬ್ಬಿದ ಭಾಗದಲ್ಲಿ ಉತ್ಪತ್ತಿಯಾಗುತ್ತದೆ. ಸ್ಲೀವ್ ವಿಧಾನದಲ್ಲಿ ಆ ಭಾಗವೇ ಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಹಲವರಿಗೆ ಹಸಿವೆಂಬುದೇ ಇರುವುದಿಲ್ಲ. ಒಂದರಿಂದ ಒಂದೂವರೆ ವರ್ಷದೊಳಗೆ ದೇಹತೂಕದ ಸುಮಾರು ಕಾಲುಭಾಗ, ಕೆಲವರಲ್ಲಿ ಇನ್ನೂ ಹೆಚ್ಚು, ಇಳಿಯುತ್ತದೆ. ಈ ಅವಧಿಯ ಯಶಸ್ಸನ್ನು ತನ್ನ ಸಂಯಮದ ಫಲವೆಂದು ರೋಗಿ ತಿಳಿಯುವುದು ಸಹಜವಾದರೂ ಅದರ ದೊಡ್ಡ ಪಾಲು ಬದಲಾದ ಶರೀರಕ್ರಿಯೆಗೆ ಸೇರಿದ್ದು, ಹಸಿವು ಎರಡನೆಯ ವರ್ಷದ ಹೊತ್ತಿಗೆ ಒಂದಿಷ್ಟು ಮರಳಿ ಬರುತ್ತದೆ. ಆಗ ಕಾಯುವುದು ಆ ಮೌನದ ವರ್ಷದಲ್ಲಿ ರೂಢಿಯಾದ ನಡವಳಿಕೆ ಮಾತ್ರ.

ಮೊದಲ ವಾರಗಳ ಮಟ್ಟಿಗೆ ಈ ಸೀಮೆಯ ಅಡುಗೆಮನೆ ಅನುಕೂಲವಾಗಿಯೇ ಇದೆ. ಆರಂಭದಲ್ಲಿ ತಿಳಿಯಾದ ದ್ರವ, ಬಳಿಕ ಪೌಷ್ಟಿಕ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಮುಂದೆ ಮೆತ್ತಗೆ ಬೆಂದದ್ದು, ಆರರಿಂದ ಎಂಟು ವಾರ ಕಳೆದ ಮೇಲೆ ಗಟ್ಟಿ ಆಹಾರ ಎಂಬ ವೈದ್ಯಕೀಯ ಮೆಟ್ಟಿಲುಗಳಿಗೂ, ಜ್ವರ ಬಿಟ್ಟವರಿಗೆ ಇಲ್ಲಿನ ಅಜ್ಜಿಯಂದಿರು ಗಂಜಿತಿಳಿಯಿಂದ ಮೊದಲುಮಾಡಿ ಉಣಿಸುತ್ತಿದ್ದ ಕ್ರಮಕ್ಕೂ ಅಷ್ಟೇನೂ ದೂರವಿಲ್ಲ. ಉಪ್ಪು ಹಾಕಿದ ಗಂಜಿತಿಳಿ, ಸೋಸಿದ ಹುರುಳಿಕಟ್ಟು, ನೀರುಮಜ್ಜಿಗೆ, ಸ್ವಲ್ಪ ಸ್ವಲ್ಪವಾಗಿ ಎಳನೀರು, ಇವೆಲ್ಲ ವೈದ್ಯರ ಪಟ್ಟಿಯ ಸೂಪಿನ ಜಾಗದಲ್ಲಿ ನಿಲ್ಲಬಲ್ಲವು. ತೊಡಕು ಆರಂಭವಾಗುವುದು ಗಂಜಿ ನಿಲ್ಲಬೇಕಾದ ಹೊತ್ತಿಗೆ ನಿಲ್ಲದಿದ್ದಾಗ. ನೀರಾಗಿರುವ ಅನ್ನ ಕಿರಿದಾದ ಜಠರದಲ್ಲಿ ತಂಗದೆ ಜಾರಿಹೋಗುತ್ತದೆ. ತಂಗದ ಆಹಾರ ಹೊಟ್ಟೆ ತುಂಬಿದ ಸೂಚನೆ ಕೊಡುವುದಿಲ್ಲ. ಆದ್ದರಿಂದ ನಾಲ್ಕೈದು ತಿಂಗಳಾದರೂ ಗಂಜಿಯನ್ನೇ ನೆಚ್ಚಿಕೊಂಡವರು ದಿನಕ್ಕೆ ಆರೇಳು ಬಾರಿ ಉಂಡು, ಪಿಷ್ಟವನ್ನಷ್ಟೇ ಪಡೆದು, ತೂಕ ಇಳಿಯುವುದು ನಿಂತಿತೆಂದು ಕಳವಳಪಡುತ್ತಾರೆ. ಕಾಯಿಹಾಲಿನಲ್ಲಿ ನೆನೆದ ಸೇಮಿಗೆಗೂ, ಜಾತ್ರೆಯ ಚರುಮುರಿಗೂ, ಸಾರಿನಲ್ಲಿ ಮೆತ್ತಗಾದ ಕೋರಿರೊಟ್ಟಿಗೂ ಇದೇ ಮಾತು ಸಲ್ಲುತ್ತದೆ. ಇದಕ್ಕೆ ವಿರುದ್ಧವಾದ ಕಷ್ಟ ಮುದ್ದೆಗಟ್ಟುವ ಪದಾರ್ಥಗಳದ್ದು: ಸರಿಯಾಗಿ ಅಗಿಯದೆ ನುಂಗಿದ ಪುಂಡಿ, ಒಣಗಿದ ಕೋಳಿತುಂಡು, ನಾರು ಬಿಡಿಸದ ಬಾಳೆದಿಂಡು ಅಥವಾ ಹಲಸಿನ ತೊಳೆ ಎದೆಯಲ್ಲಿ ಸಿಕ್ಕಿಕೊಂಡಂತಾಗಿ ವಾಂತಿಯಲ್ಲಿ ಮುಗಿಯುವುದುಂಟು. ತುತ್ತನ್ನು ಇಪ್ಪತ್ತು ಮೂವತ್ತು ಬಾರಿ ಅಗಿಯಬೇಕು, ಊಟಕ್ಕೆ ಅರ್ಧ ತಾಸು ಕೊಡಬೇಕು ಎಂಬ ಸೂಚನೆ ಕೇಳಲು ಬಾಲಬೋಧೆಯಂತಿದ್ದರೂ ಮೊದಲ ವರ್ಷ ಅದಕ್ಕಿಂತ ಉಪಯುಕ್ತವಾದ ಸೂಚನೆ ಬೇರೊಂದಿಲ್ಲ.

ಎಲೆಯ ಮೇಲೆ ಪ್ರೋಟೀನು ಮೊದಲು, ತರಕಾರಿ ಆಮೇಲೆ, ಅನ್ನ ಕೊನೆಗೆ ಎಂಬ ಸರದಿ ಕರಾವಳಿಯ ಊಟದ ಕ್ರಮವನ್ನೇ ತಲೆಕೆಳಗು ಮಾಡುತ್ತದೆ. ಸ್ನಾಯುಗಳು ಕರಗದಿರಲು ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ಲೆಕ್ಕ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 18ರಿಂದ 20 ಗ್ರಾಂ, ಅಷ್ಟೇ ತೂಕದ ಬೆಂದ ಅನ್ನದಲ್ಲಿ ಎರಡು ಮೂರು ಗ್ರಾಂ. ಮೀನು ತಿನ್ನುವ ಮನೆಗಳಲ್ಲಿ ಆದ್ದರಿಂದ ದಾರಿ ಸುಲಭ: ಸಾರಿನ ಮೀನನ್ನು ಮೊದಲು ತಿಂದು, ತೆಂಗಿನಕಾಯಿ ಅರೆದ ಗಸಿಯನ್ನು ಮಿತಗೊಳಿಸಿದರೆ ಅರ್ಧ ಕೆಲಸವಾದಂತೆ. ಹವ್ಯಕರ ಮತ್ತು ಜೈನರ ಮನೆಗಳಲ್ಲಿ ಹುರುಳಿ, ಹೆಸರು, ಮೊಸರು, ಪನೀರುಗಳಿಂದ ಈ ಮೊತ್ತವನ್ನು ಕೂಡಿಸಲು ಲೆಕ್ಕಾಚಾರ ಬೇಕು. ಹಲವರಿಗೆ ವೈದ್ಯರು ಸೂಚಿಸುವ ಪ್ರೋಟೀನು ಪುಡಿಯೂ ಬೇಕಾಗುತ್ತದೆ. ಅದನ್ನು ಜಿಮ್ಮಿಗೆ ಹೋಗುವ ಹುಡುಗರ ವಸ್ತುವೆಂದು ಹಿರಿಯರು ದೂರವಿಡುವುದು ಸರಿಯಲ್ಲ. ಮೂರನೆಯ ತಿಂಗಳಿನಿಂದ ಕೂದಲು ಉದುರತೊಡಗಿದಾಗ ಹೆದರಿಕೆಯಾಗುವುದುಂಟು. ವೇಗವಾಗಿ ತೂಕ ಇಳಿಯುವ ಒತ್ತಡಕ್ಕೆ ದೇಹ ತೋರುವ ಪ್ರತಿಕ್ರಿಯೆ ಅದು, ಪೋಷಣೆ ಸರಿಯಿದ್ದರೆ ಬಹುಪಾಲು ಮತ್ತೆ ಬೆಳೆಯುತ್ತದೆ.

ಊಟದೊಂದಿಗೆ ನೀರು ಕುಡಿಯಬಾರದು, ಉಂಡು ಅರ್ಧ ತಾಸು ಕಳೆದ ಮೇಲೆಯೇ ಗುಟುಕು ಗುಟುಕಾಗಿ ಕುಡಿಯಬೇಕು, ಹಾಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರು ಆಗಬೇಕು ಎಂಬ ನಿಯಮ ಸಾರು, ಮಜ್ಜಿಗೆ, ತಂಬುಳಿಗಳಿಂದಲೇ ಊಟ ಕಟ್ಟಿಕೊಂಡ ನಾಡಿನಲ್ಲಿ ಕಠಿಣವಾದದ್ದೇ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ತೋಟದಿಂದ ಬಂದವರು ಒಂದು ಚೆಂಬು ನೀರನ್ನು ಒಂದೇ ಸಲಕ್ಕೆ ಗಟಗಟನೆ ಕುಡಿಯುವ ಅಭ್ಯಾಸವನ್ನು ಬಿಟ್ಟು, ಬಾಟಲಿ ಜೊತೆಗಿಟ್ಟುಕೊಂಡು ದಿನವಿಡೀ ಗುಟುಕರಿಸುವುದನ್ನು ಕಲಿಯಬೇಕಾಗುತ್ತದೆ. ಬೆಲ್ಲದ ವಿಷಯ ಇನ್ನೂ ಸೂಕ್ಷ್ಮ. ಬೈಪಾಸ್ ಆದವರಲ್ಲಿ ಹೆಚ್ಚಾಗಿಯೂ ಸ್ಲೀವ್ ಆದವರಲ್ಲಿ ಕೆಲವೊಮ್ಮೆಯೂ ಸಿಹಿಯಾದ ಪದಾರ್ಥ ಜಠರದಲ್ಲಿ ನಿಲ್ಲದೆ ಕರುಳಿಗೆ ಧುಮುಕುತ್ತದೆ. ಆ ಸಾಂದ್ರತೆಯನ್ನು ಸರಿದೂಗಿಸಲು ರಕ್ತದ ನೀರಂಶ ಕರುಳಿನೊಳಗೆ ಬರುತ್ತದೆ. ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ನುಲಿದು ಭೇದಿಯಾಗಬಹುದು. ಡಂಪಿಂಗ್ ಸಿಂಡ್ರೋಮ್ ಎನ್ನುವುದು ಇದಕ್ಕೇ. ಒಂದರಿಂದ ಮೂರು ತಾಸಿನ ಬಳಿಕ ಬರುವ ಇದರ ಎರಡನೆಯ ರೂಪದಲ್ಲಿ ಅತಿಯಾಗಿ ಸ್ರವಿಸಿದ ಇನ್ಸುಲಿನ್ ರಕ್ತದ ಸಕ್ಕರೆಯನ್ನು ತೀರ ಕೆಳಕ್ಕಿಳಿಸಿ ನಡುಕ, ಮಂಪರು ತರುತ್ತದೆ. ಬಿಸಿಲಿನಲ್ಲಿ ನಡೆದುಬಂದ ಅತಿಥಿಗೆ ಬೆಲ್ಲ, ನೀರು ಕೊಡುವ ಸುಂದರ ಪದ್ಧತಿಯನ್ನು ಅವಮಾನಿಸದೆ, ನೀರನ್ನಷ್ಟೇ ತೆಗೆದುಕೊಂಡು ಬೆಲ್ಲವನ್ನು ಕೈಯಿಂದ ಮುಟ್ಟಿ ಬಿಡುವ ಉಪಾಯ ಸಾಲುತ್ತದೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಪಂಕ್ತಿಯದು. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ, ಯಾವುದಕ್ಕೆ ಹೋದರೂ ಎಲೆಯ ಮುಂದೆ ಕೂರಲೇಬೇಕು. ಕುಳಿತವರು ಒಟ್ಟಿಗೆ ಏಳಬೇಕು. ಎಲೆಯಲ್ಲಿ ಅನ್ನ ಬಿಡಬಾರದು. ಬಡಿಸುವವರು ಒತ್ತಾಯಿಸದಿದ್ದರೆ ಉಪಚಾರ ಕಡಿಮೆಯಾಯಿತೆಂಬ ಭಾವನೆ. ಎದುರಾದವರನ್ನು ಮಾತನಾಡಿಸುವಾಗಲೂ ಮೊದಲು ಕೇಳುವುದು ‘ವಣಸ್ ಆಂಡಾ’ (ಊಟವಾಯಿತೇ) ಎಂದೇ. ಇಂಥ ಕಡೆ ಉಣ್ಣದಿರುವುದು ಆರೋಗ್ಯದ ವಿಷಯವಾಗಿ ಉಳಿಯದೆ ಸಂಬಂಧದ ವಿಷಯವಾಗುತ್ತದೆ. ‘ಎಂತ ಮಾರಾಯ್ರೆ, ಹಕ್ಕಿಯ ಹಾಗೆ ತಿಂದರೆ ಹೇಗೆ?’ ಎಂಬ ಮಾತಿನ ಹಿಂದೆ ಇರುವುದು ಅಕ್ಕರೆಯಾದ್ದರಿಂದ ಸಿಡುಕಿನ ಉತ್ತರ ಕೆಲಸಕ್ಕೆ ಬಾರದು, ದೀರ್ಘ ವೈದ್ಯಕೀಯ ವಿವರಣೆಯಂತೂ ಊಟದ ಹೊತ್ತಿಗೆ ಹೊಂದುವುದೇ ಇಲ್ಲ. ಬಡಿಸಲು ಆರಂಭವಾಗುವ ಮೊದಲೇ ಮನೆಯ ಯಜಮಾನಿಗೆ ಒಂದು ಮಾತು ತಿಳಿಸಿರುವುದು, ಚಿಕ್ಕ ಎಲೆ ಕೇಳುವುದು, ಬಡಿಸುವವರು ಬಂದಾಗ ಎಲೆಯ ಮೇಲೆ ಅಂಗೈ ಚಾಚಿ ನಗುತ್ತಲೇ ಬೇಡವೆನ್ನುವುದು, ಇವು ಸಂಪ್ರದಾಯದ ಒಳಗೇ ಇರುವ ದಾರಿಗಳು. ಎಲೆಯ ತುದಿಗೆ ಬೀಳುವ ಹೆಸರುಬೇಳೆಯ ಕೋಸಂಬರಿ ಆ ಊಟದಲ್ಲಿ ಸಿಗುವ ಒಳ್ಳೆಯ ಪ್ರೋಟೀನಾಗಿರುವುದರಿಂದ ಅದನ್ನೇ ನಿಧಾನವಾಗಿ ಅಗಿಯುತ್ತ ಕುಳಿತವರು ಪಂಕ್ತಿ ಏಳುವವರೆಗೂ ಉಣ್ಣುತ್ತಿರುವವರಂತೆಯೇ ಕಾಣುತ್ತಾರೆ. ಧರ್ಮಸ್ಥಳದ ಅನ್ನಪೂರ್ಣ ಛತ್ರದಂಥ ಕಡೆ, ಸಾವಿರಾರು ಜನ ಸರದಿಯಲ್ಲಿ ಉಣ್ಣುವಾಗ ಅರ್ಧ ತಾಸಿನ ಊಟ ಸಾಧ್ಯವಿಲ್ಲ. ಪ್ರಸಾದವೆಂದು ಎರಡು ತುತ್ತನ್ನು ಮಾತ್ರ ಹಾಕಿಸಿಕೊಂಡು ಮುಖ್ಯ ಆಹಾರವನ್ನು ಮೊದಲೇ ಮುಗಿಸಿರುವುದು ಲೇಸು.

ಮೂಡುಬಿದಿರೆಯಲ್ಲಿ ಮಿತಾಹಾರಕ್ಕೆ ಹಳೆಯ ಗೌರವವಿದೆ. ಜೈನರು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಎರಡನೆಯದು ಅವಮೋದರ್ಯ, ಅಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಎಣಿಸಿ ಅದಕ್ಕಿಂತ ಕೆಳಗೆ ನಿಲ್ಲುವುದನ್ನು ಆಚಾರಗ್ರಂಥಗಳು ವಿವರಿಸುತ್ತವೆ. ಬಸದಿಗಳ ಊರಿನಲ್ಲಿ ಕಡಿಮೆ ಉಣ್ಣುವವನನ್ನು ವಿಚಿತ್ರವಾಗಿ ನೋಡುವವರು ಕಡಿಮೆ. ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಜೈನರ ನಿಯಮವೂ ಇಲ್ಲಿ ಪ್ರಯೋಜನಕಾರಿ, ಏಕೆಂದರೆ ಸ್ಲೀವ್ ಆದವರಲ್ಲಿ ಹುಳಿತೇಗು, ಎದೆಯುರಿಗಳು ಸಾಮಾನ್ಯವಾಗಿದ್ದು ಮಲಗುವುದಕ್ಕೆ ಎರಡು ಮೂರು ತಾಸು ಮೊದಲೇ ಊಟ ಮುಗಿದಿರಬೇಕಾಗುತ್ತದೆ. ಯಕ್ಷಗಾನ ನೋಡುತ್ತ ನಡುರಾತ್ರಿ ಗೋಳಿಬಜೆ ತಿನ್ನುವ ಸಂಭ್ರಮಕ್ಕೆ ಈ ಜಠರ ಒಗ್ಗುವುದಿಲ್ಲ. ಆದರೆ ಹೋಲಿಕೆಯನ್ನು ಹೆಚ್ಚು ದೂರ ಎಳೆಯಬಾರದು. ತಪಸ್ವಿ ದೇಹದ ಬೇಡಿಕೆಯನ್ನು ಬೇಕೆಂದೇ ಮೀರುತ್ತಾನೆ. ಶಸ್ತ್ರಚಿಕಿತ್ಸೆಯಾದವರು ಕಡಿಮೆ ಪ್ರಮಾಣದಲ್ಲಿಯೇ ದೇಹದ ಬೇಡಿಕೆಯನ್ನು ಪೂರೈಸಬೇಕು. ಹಾಗಾಗಿ ಏಕಾದಶಿ, ರಂಜಾನ್, ದಶಲಕ್ಷಣ ಪರ್ವಗಳ ಉಪವಾಸವನ್ನು, ಶಾಂತಿವನದಂಥ ಪ್ರಕೃತಿ ಚಿಕಿತ್ಸಾಲಯಗಳ ಉಪವಾಸ ಚಿಕಿತ್ಸೆಯನ್ನು ಕೂಡ, ಶಸ್ತ್ರವೈದ್ಯರನ್ನು ಕೇಳದೆ ಕೈಗೊಳ್ಳುವುದು ಅಪಾಯಕರ.

ಔಷಧಗಳ ಮಾತು ಚುಟುಕಾಗಿ ಸಾಕು. ಬಿ12 ಹೀರಿಕೆಗೆ ಬೇಕಾದ ಅಂಶ ಜಠರದ ಗೋಡೆಯಲ್ಲಿ ಹುಟ್ಟುವುದರಿಂದ ಆ ವಿಟಮಿನ್ನು, ಅದರೊಂದಿಗೆ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವುಗಳನ್ನು ಬದುಕಿನುದ್ದಕ್ಕೂ ಸೇವಿಸಬೇಕು. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಎರಡು ತಾಸಿನ ಅಂತರದಲ್ಲಿ ತೆಗೆದುಕೊಳ್ಳಬೇಕು. ಚಹಾ ಕಬ್ಬಿಣದ ಹೀರಿಕೆಯನ್ನು ತಡೆಯುವುದರಿಂದ, ಹಾಲಿನ ಮೇಲೆ ಚಹಾದ ಪದರ ಬೇರೆಯಾಗಿ ನಿಲ್ಲುವ ಕಲ್ಲಡ್ಕದ ಕೆ.ಟಿ. ಎಷ್ಟೇ ಪ್ರಸಿದ್ಧವಾಗಿದ್ದರೂ ಮಾತ್ರೆಯ ಹೊತ್ತಿಗೆ ಅದು ಬೇಡ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು, ಅಡಿಕೆ ತೋಟದಲ್ಲಿ ದುಡಿಯುವವರು ಸೊಂಟನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳಂಥ ಗುಳಿಗೆಗಳೂ, ಬೀಡಿ ಸೇದುವುದೂ ಹೊಲಿಗೆಯ ಜಾಗದಲ್ಲಿ ಹುಣ್ಣು ತರಬಲ್ಲವು. ಮದ್ಯವಾಗಲಿ ಕಳ್ಳಾಗಲಿ ಮೊದಲಿಗಿಂತ ಬೇಗ ರಕ್ತಕ್ಕೆ ಏರುತ್ತದೆ, ತಿನ್ನುವ ಚಟ ಕುಡಿಯುವ ಚಟವಾಗಿ ತಿರುಗುವ ಸಾಧ್ಯತೆಯನ್ನೂ ಅಧ್ಯಯನಗಳು ಗುರುತಿಸಿವೆ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆಯಾದರೂ ಹನ್ನೆರಡರಿಂದ ಹದಿನೆಂಟು ತಿಂಗಳು ಅದನ್ನು ಮುಂದೂಡಬೇಕೆಂಬುದು ಹೊಸದಾಗಿ ಮದುವೆಯಾದ ಮನೆಗಳಲ್ಲಿ ಅತ್ತೆಮಾವಂದಿರಿಗೂ ತಿಳಿದಿರಬೇಕಾದ ವಿಷಯ.

ಮೈ ಇಳಿದವರನ್ನು ಊರು ನೋಡುವ ರೀತಿಯೂ ಒಂದು ಹೊರೆ. ‘ಸೊರಗಿಹೋಗಿದ್ದೀರಲ್ಲ, ಶುಗರಾ?’ ಎಂದು ಬಸ್ಸಿನಲ್ಲಿ ಕೇಳುವವರಿಗೆ ಏನು ಹೇಳಬೇಕೆಂಬುದನ್ನು ಮನೆಯವರು ಕೂಡಿ ಮೊದಲೇ ತೀರ್ಮಾನಿಸಿದ್ದರೆ ನೆಮ್ಮದಿ; ಶಸ್ತ್ರಚಿಕಿತ್ಸೆಯನ್ನು ಎಲ್ಲರಿಗೂ ಹೇಳುವ ಬಾಧ್ಯತೆಯಿಲ್ಲ, ಆದರೆ ಒಂದೇ ಅಡುಗೆಯಲ್ಲಿ ಉಣ್ಣುವವರಿಂದ ಮುಚ್ಚಿಟ್ಟರೆ ನಿಯಮ ಪಾಲನೆ ಕೈಗೂಡುವುದಿಲ್ಲ. ಎರಡನೆಯ ವರ್ಷ ಹಸಿವಿನ ಜೊತೆಗೆ ಹಸಿವಲ್ಲದ ಬಯಕೆಯೂ ಮರಳುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ, ನಡೆಯಲು ಅಂಗಳಕ್ಕೂ ಇಳಿಯಲಾಗದೆ, ಹಲಸಿನ ಹಪ್ಪಳ ಕರಿಯುವ ಪರಿಮಳ ಬಂದಾಗ ಕೈ ಚಾಚುವುದು ಬೇಸರದಿಂದಲೇ ಹೆಚ್ಚು. ಮಳೆಗಾಲದಲ್ಲಿ ಚಾವಡಿಯ ಉದ್ದಕ್ಕೂ ಹೊತ್ತು ಗೊತ್ತುಮಾಡಿಕೊಂಡು ನಡೆಯುವುದು, ಸ್ನಾಯುಗಳಿಗಾಗಿ ಕುಳಿತು ಏಳುವ, ಭಾರ ಎತ್ತುವ ವ್ಯಾಯಾಮ ಮಾಡುವುದು ಈ ಕಾರಣಕ್ಕೂ ಬೇಕು.

ಈ ಎರಡನೆಯ ವರ್ಷದ ಹೊತ್ತಿಗೇ ಆಸ್ಪತ್ರೆಯ ಭೇಟಿಗಳೂ ವಿರಳವಾಗುತ್ತವೆ. ಬೆಳ್ತಂಗಡಿಯ ಒಳಹಳ್ಳಿಗಳಿಂದ ಮಂಗಳೂರಿಗೆ ಹೋಗಿಬರಲು ಒಂದು ದಿನದ ದುಡಿಮೆ ತಪ್ಪುತ್ತದೆ. ಮೈ ಹಗುರಾಗಿ ಚೆನ್ನಾಗಿರುವಾಗ ಅದು ಅನಗತ್ಯವೆನಿಸುತ್ತದೆ. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂಗಳ ಪರೀಕ್ಷೆಗೆ ರಕ್ತವನ್ನು ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆಯ ಪ್ರಯೋಗಾಲಯಗಳಲ್ಲೇ ಕೊಟ್ಟು, ವರದಿಯನ್ನು ವೈದ್ಯರಿಗೆ ಕಳುಹಿಸಿ, ವರ್ಷಕ್ಕೊಮ್ಮೆ ಮಾತ್ರ ಮುಖತಃ ಹೋಗುವ ಏರ್ಪಾಡನ್ನು ಆರಂಭದಲ್ಲೇ ಕೇಳಿ ಗೊತ್ತುಮಾಡಿಕೊಳ್ಳಬಹುದು. ದಿನಗಟ್ಟಲೆ ನಿಲ್ಲದ ವಾಂತಿಗೆ ಮಾತ್ರ ಈ ಏರ್ಪಾಡು ಅನ್ವಯಿಸದು: ಆಗ ಥಯಾಮಿನ್ ಎಂಬ ಬಿ1 ವಿಟಮಿನ್ನು ಕೆಲವೇ ವಾರಗಳಲ್ಲಿ ಬರಿದಾಗಿ ಕಣ್ಣು, ನಡಿಗೆ, ನೆನಪುಗಳಿಗೆ ಹಾನಿಯಾಗಬಲ್ಲದಾದ್ದರಿಂದ, ಶುಂಠಿ ಕಷಾಯದಲ್ಲಿ ದಿನ ಕಳೆಯದೆ ಅಂದೇ ವೈದ್ಯರ ಬಳಿಗೆ ಹೊರಡಬೇಕು.