ಸಲ್ಲೇಖನವೂ ಮರಣದ ಬಯಕೆಯೂ

ಮರಣವನ್ನು ಕುರಿತು ಜೈನಧರ್ಮದಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿದ ಧರ್ಮಗಳು ವಿರಳ. ಶ್ರವಣಬೆಳಗೊಳದ ಚಂದ್ರಗಿರಿಯ ಪ್ರಾಚೀನ ಶಾಸನಗಳು ಸಮಾಧಿಮರಣವನ್ನು ಪಡೆದ ಮುನಿಗಳ, ಆರ್ಯಿಕೆಯರ ಹಾಗೂ ಶ್ರಾವಕ ಶ್ರಾವಿಕೆಯರ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿವೆ. ಈ ಪರಂಪರೆಯ ಬಗ್ಗೆ ಸಮಾಜಕ್ಕೆ ಗೌರವವಿರುವುದು ಸಹಜ. ಆದರೆ ಆ ಗೌರವದ ಮಗ್ಗುಲಲ್ಲಿಯೇ ಒಂದು ಪ್ರಶ್ನೆ ಉಳಿದುಕೊಂಡಿದೆ. ಮನಸ್ಸು ಕುಗ್ಗಿದ ಮನೆಯವರೊಬ್ಬರು "ಈ ಬದುಕು ಸಾಕು" ಎಂದಾಗ ಅದನ್ನು ವೈರಾಗ್ಯವೆಂದು ತಿಳಿಯಬೇಕೇ, ವ್ಯಾಧಿಯೆಂದು ತಿಳಿಯಬೇಕೇ?

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ಅಥವಾ ಸಲ್ಲೇಖನವು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಿತು. ದೇಶದಾದ್ಯಂತ ದಿಗಂಬರರೂ ಶ್ವೇತಾಂಬರರೂ ಒಂದಾಗಿ ಅದನ್ನು ವಿರೋಧಿಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಂದು ಸಮಾಜವು ಮುಂದಿಟ್ಟ ವಾದ ಸ್ಪಷ್ಟವಾಗಿತ್ತು: ಸಲ್ಲೇಖನ ಬೇರೆ, ಆತ್ಮಹತ್ಯೆ ಬೇರೆ. ಈ ಮಾತು ನಿಜವಾದರೆ ಅದರಿಂದ ಒಂದು ಹೊಣೆಯೂ ಹುಟ್ಟುತ್ತದೆ. ನ್ಯಾಯಾಲಯದಲ್ಲಿ ತೋರಿಸಿದ ಭೇದವನ್ನು ಮನೆಯೊಳಗೂ ಗುರುತಿಸಬೇಕಾಗುತ್ತದೆ.

ಗುರುತಿಸುವ ದಾರಿಯನ್ನು ಶಾಸ್ತ್ರವೇ ತೋರಿಸಿದೆ. ಉಭಯ ಸಂಪ್ರದಾಯಗಳಿಗೂ ಮಾನ್ಯವಾದ ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಬದುಕಬೇಕೆಂಬ ಆಸೆ ಅವುಗಳಲ್ಲಿ ಒಂದು. ಬೇಗನೆ ಸಾಯಬೇಕೆಂಬ ಆಸೆ, ಅಂದರೆ ಮರಣಾಶಂಸೆ, ಇನ್ನೊಂದು. ವ್ರತಸ್ಥನಿಗೂ ಸಾವನ್ನು ಬಯಸುವ ಅಧಿಕಾರವಿಲ್ಲ. ಹೀಗಿರುವಾಗ ದುಃಖದ ಭಾರದಿಂದ ಸಾವನ್ನು ಬಯಸುವ ಮನಸ್ಸಿಗೆ ವ್ರತದ ಹೆಸರು ಸಲ್ಲದು. ಆ ಬಯಕೆ ಸಹಾಯಕ್ಕಾಗಿ ಇಡುವ ಮೊರೆ; ಅದನ್ನು ಕೇಳಿಸಿಕೊಳ್ಳುವುದು ಬಂಧುಗಳ ಧರ್ಮ.

ರತ್ನಕರಂಡಕ ಶ್ರಾವಕಾಚಾರವನ್ನು ರಚಿಸಿದ ಆಚಾರ್ಯ ಸಮಂತಭದ್ರರ ಕಥೆ ಈ ವಿಷಯದಲ್ಲಿ ಮನನೀಯವಾಗಿದೆ. 19ನೆಯ ಶತಮಾನದಲ್ಲಿ ದೇವಚಂದ್ರನು ಕನ್ನಡದಲ್ಲಿ ಬರೆದ ರಾಜಾವಳೀಕಥೆಯಲ್ಲಿಯೂ ಅದು ಬಂದಿದೆ. ಮುನಿಯಾಗಿದ್ದ ಸಮಂತಭದ್ರರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ಎಷ್ಟು ಉಂಡರೂ ತಣಿಯದ ಹಸಿವು ಆ ರೋಗದ ಲಕ್ಷಣ. ಮುನಿಯ ನಿಯಮದೊಳಗೆ ಅದನ್ನು ತಣಿಸುವ ಮಾರ್ಗ ಕಾಣದೆ ಅವರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಆಯುಷ್ಯ ಇನ್ನೂ ಉಳಿದಿದೆ, ಧರ್ಮಕ್ಕೆ ಆಗಬೇಕಾದ ಕಾರ್ಯವೂ ಇದೆ. ಮುನಿವೇಷವನ್ನು ತೆಗೆದಿರಿಸಿ, ರೋಗವನ್ನು ಗುಣಪಡಿಸಿಕೊಂಡು ಮತ್ತೆ ದೀಕ್ಷೆ ಪಡೆಯಬೇಕೆಂದು ಆದೇಶಿಸಿದರು. ಸಮಂತಭದ್ರರು ಹಾಗೆಯೇ ಮಾಡಿದರು. ಗುಣಮುಖರಾಗಿ ಮರಳಿ ದೀಕ್ಷೆ ಪಡೆದರು.

ಸಲ್ಲೇಖನವು ಪ್ರತೀಕಾರವಿಲ್ಲದ ಸಂಕಟದಲ್ಲಿ ಮಾತ್ರ ವಿಹಿತವೆಂದು ಅವರ ಶ್ರಾವಕಾಚಾರವು ಹೇಳುತ್ತದೆ. ವಾಸಿಯಾಗಬಲ್ಲ ವ್ಯಾಧಿಗೆ ಚಿಕಿತ್ಸೆಯೇ ಧರ್ಮ ಎಂಬುದು ಇದರ ತಾತ್ಪರ್ಯ. ಅಂತಹ ಚಿಕಿತ್ಸೆಗಾಗಿ ಗುರುಗಳು ಮುನಿವ್ರತವನ್ನೇ ಕೆಲಕಾಲ ಬದಿಗಿಡಲು ಹೇಳಿದರೆಂಬುದನ್ನು ಶ್ರಾವಕರು ಮರೆಯಬಾರದು.

ಖಿನ್ನತೆಯು ಪ್ರತೀಕಾರವುಳ್ಳ ವ್ಯಾಧಿ. ಎರಡು ವಾರ ಮೀರಿ ಉಳಿಯುವ ಬೇಸರ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ನಿದ್ರಾಭಂಗ, ಹಸಿವಿಲ್ಲದಿರುವುದು, ತಾನು ಯಾರಿಗೂ ಬೇಡವೆಂಬ ಭಾವನೆ ಇದರ ಲಕ್ಷಣಗಳು. ಮಾತಿನ ಚಿಕಿತ್ಸೆ, ಔಷಧಿ ಎರಡೂ ಇದಕ್ಕೆ ಉಂಟು. ಔಷಧಿಯ ಗುಣ ತಿಳಿಯಲು ಕೆಲವು ವಾರಗಳೇ ಬೇಕಾಗುವುದರಿಂದ ನಡುವೆ ನಿಲ್ಲಿಸಬಾರದು. ಪರ್ಯೂಷಣ, ದಶಲಕ್ಷಣಗಳ ಕಾಲದಲ್ಲಿ ವಿಶೇಷ ಎಚ್ಚರ ಬೇಕು. ವ್ರತದ ಸಂಕಲ್ಪವಿಲ್ಲದೆ, ಉಣ್ಣಲು ಮನಸ್ಸಾಗದೆ ಹಸಿದಿರುವುದು ಉಪವಾಸವಲ್ಲ. ಕೆಲವು ಮಾತ್ರೆಗಳನ್ನು ಸೇವಿಸುವವರಲ್ಲಿ ನೀರಿನಂಶ ಕಡಿಮೆಯಾದರೆ ಅಪಾಯವುಂಟಾಗುತ್ತದೆ. ವೈದ್ಯರನ್ನು ಕೇಳದೆ ಅವರು ಉಪವಾಸ ಕೈಗೊಳ್ಳಬಾರದು.

ಅನೇಕ ಮನೆಗಳಲ್ಲಿ ಈ ವ್ಯಾಧಿಯನ್ನು ಮುಚ್ಚಿಡುತ್ತಾರೆ. ವಿವಾಹ ಸಂಬಂಧಗಳಿಗೆ ತೊಡಕಾದೀತೆಂಬ ಅಂಜಿಕೆ ಒಂದು ಕಾರಣವಾದರೆ, ಇದೆಲ್ಲ ಪೂರ್ವಕರ್ಮದ ಫಲವೆಂಬ ಮಾತು ಇನ್ನೊಂದು. ಜ್ವರವೂ ಅಸಾತಾವೇದನೀಯದ ಉದಯವೇ. ಆದರೂ ಜ್ವರಕ್ಕೆ ಮದ್ದು ಕೊಡುವುದನ್ನು ಯಾರೂ ಬಿಡುವುದಿಲ್ಲ. ಕರ್ಮಸಿದ್ಧಾಂತವು ಪುರುಷಾರ್ಥಕ್ಕೆ ಎಡೆಯಿಟ್ಟಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಜೊತೆಗೇ ಸ್ಥಿತಿಕರಣವೂ ವಾತ್ಸಲ್ಯವೂ ಇವೆ. ಒಬ್ಬರ ಸಂಕಟವನ್ನು ಊರಿಗೆ ಸಾರದಿರುವುದು ಉಪಗೂಹನ. ಅದನ್ನು ವೈದ್ಯರಿಂದಲೂ ಮುಚ್ಚಿಡುವುದು ಉಪಗೂಹನವಲ್ಲ. ಬೀಳುತ್ತಿರುವವರ ಕೈ ಹಿಡಿಯುವುದೇ ಸ್ಥಿತಿಕರಣ. "ಸಾಯಬೇಕೆಂಬ ಯೋಚನೆ ಬರುತ್ತಿದೆಯೇ?" ಎಂದು ಪ್ರೀತಿಯಿಂದ ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಬೇಯುತ್ತಿದ್ದವರಿಗೆ ಬಾಯಿಬಿಡಲು ದಾರಿಯಾಗುತ್ತದೆ. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಾಸರಗೋಡಿನ ವಿದ್ಯಾನಗರದಂತಹ ಊರಿನಲ್ಲಿ ಭಾಷೆಯೂ ಒಂದು ತಡೆಯಾಗಬಹುದು. ಮನೆಮಾತು ತುಳು, ಕನ್ನಡ ಅಥವಾ ಗುಜರಾತಿ. ಕಚೇರಿ ಆಸ್ಪತ್ರೆಗಳ ಮಾತು ಹೆಚ್ಚಾಗಿ ಮಲಯಾಳ. ಮೈಯ ನೋವನ್ನು ಬೆರಳಿಂದ ತೋರಿಸಬಹುದು. ಮನದ ನೋವಿಗೆ ತನ್ನ ನುಡಿಯೇ ಬೇಕು. ಜೊತೆಗೆ ಹೋಗಿ ಮಾತನ್ನು ದಾಟಿಸುವ ಬಂಧುವೂ ಔಷಧದಾನ ಮಾಡಿದಂತೆಯೇ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ಮಲಯಾಳ, ಹಿಂದಿ, ಗುಜರಾತಿ ಭಾಷೆಗಳಲ್ಲಿ ಅದು ದೊರೆಯುತ್ತದೆ. ಕೇರಳ ಸರ್ಕಾರದ ದಿಶಾ ಸಹಾಯವಾಣಿಯ ಸಂಖ್ಯೆ 1056. ಪೊಲೀಸರ ಭಯದಿಂದ ಹಿಂಜರಿಯುವವರೂ ಉಂಟು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರ್ಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ.

ಈಗಾಗಲೇ ಒಬ್ಬರನ್ನು ಹೀಗೆ ಕಳೆದುಕೊಂಡಿರುವ ಕುಟುಂಬಗಳಿಗೂ ಒಂದು ಮಾತು ಸಲ್ಲಬೇಕು. ಅಗಲಿದ ಜೀವದ ಗತಿಯನ್ನು ಬಲ್ಲವರು ಕೇವಲಜ್ಞಾನಿಗಳು ಮಾತ್ರ. ಆ ಜೀವ ದುರ್ಗತಿಗೆ ಹೋಯಿತೆಂದು ಹೇಳುವ ಅಧಿಕಾರ ನೆರೆಹೊರೆಯವರಿಗಿಲ್ಲ. ಕಡೆಯ ಒಂದು ಗಳಿಗೆಯಿಂದ ಇಡೀ ಬಾಳನ್ನು ಅಳೆಯುವುದು ಅನೇಕಾಂತವನ್ನು ನಂಬಿದವರಿಗೆ ತಕ್ಕುದಲ್ಲ. ಅಂತಹ ಮನೆಗೆ ಹೋಗಿ, ಕಾರಣಗಳನ್ನು ಕೆದಕದೆ, ಅಗಲಿದವರ ಹೆಸರನ್ನು ಪ್ರೀತಿಯಿಂದ ಹೇಳಿ ಸ್ವಲ್ಪ ಹೊತ್ತು ಕುಳಿತಿರುವುದೇ ವಾತ್ಸಲ್ಯ.

ಉತ್ಸವಕ್ಕೆ ಬಸದಿಯು ಬಂಧುಗಳಿಂದ ತುಂಬುತ್ತದೆ. ಬಾರದೆ ಮನೆಯಲ್ಲಿಯೇ ಉಳಿದವರು ಯಾರೆಂದು ಕೇಳುವುದೂ ಉತ್ಸವದ ಭಾಗವಾಗಲಿ. ಹುಳುಹುಪ್ಪಟೆಗೂ ಅಭಯ ನೀಡುವ ಧರ್ಮದಲ್ಲಿ ನೊಂದ ಬಂಧುವಿಗೆ ಅಭಯವಿಲ್ಲದಿರಬಾರದು. ಸರ್ವರಿಗೂ ಮನಃಶಾಂತಿ ಲಭಿಸಲಿ.