ಊರ ಸಭೆಯೂ ಶಾಲೆಯ ಕೂಟವೂ

ಪಾಠ: ಅಪೊಸ್ತಲರ ಕೃತ್ಯಗಳು, 19ನೆಯ ಅಧ್ಯಾಯ, 23ನೆಯ ವಚನ ಮೊದಲ್ಗೊಂಡು ಕಡೇ ವರೆಗೆ

ಈ ಪಾಠದಲ್ಲಿ ಎಫೆಸ ಪಟ್ಟಣದಲ್ಲಿ ಎದ್ದ ಗದ್ದಲದ ವೃತ್ತಾಂತವುಂಟು. ದೇಮೇತ್ರಿಯನೆಂಬ ಅಕ್ಕಸಾಲಿಗನು ಬೆಳ್ಳಿಯ ಚಿಕ್ಕ ಗುಡಿಗಳನ್ನು ಮಾಡಿಸಿ ಮಾರಿ ಬಹು ಲಾಭ ಪಡೆಯುತ್ತಿದ್ದನು. ಪೌಲನ ಬೋಧನೆಯಿಂದ ತನ್ನ ಕಸುಬಿಗೆ ಧಕ್ಕೆ ಬಂತೆಂದು ಅವನು ಜೊತೆಗಾರರನ್ನು ಕೆರಳಿಸಲಾಗಿ ಪಟ್ಟಣವೆಲ್ಲಾ ನಾಟಕಶಾಲೆಗೆ ನುಗ್ಗಿ ಎರಡು ತಾಸು ಒಂದೇ ಕೂಗು ಕೂಗಿತು. ಹಾಗೆ ಕೂಡಿದವರಲ್ಲಿ ಬಹುಮಂದಿಗೆ ಕೂಡಿದ ಕಾರಣವೇ ಗೊತ್ತಿರಲಿಲ್ಲವೆಂದು ಲೂಕನು ತಿಳಿಸುತ್ತಾನೆ. ನಮ್ಮ ಗ್ರಾಮಸಭೆಗಳನ್ನು ಕಣ್ಣಾರೆ ನೋಡಿದವರು ಈ ಮಾತನ್ನು ಓದುವಾಗ ನಗದೆ ಇರಲಾರರು. ಕಡೆಗೆ ಪಟ್ಟಣದ ಲೇಖಕನು ಎದ್ದು, ದೂರಿದ್ದರೆ ನ್ಯಾಯಸ್ಥಾನಗಳು ತೆರೆದಿವೆ, ಬೇರೆ ಕಾರ್ಯವಿದ್ದರೆ ನೇಮಕವಾದ ಸಭೆಯಲ್ಲಿ ತೀರ್ಮಾನವಾಗಲಿ, ಎಂಬ ಅರ್ಥದಲ್ಲಿ ಬುದ್ಧಿಹೇಳಿ ಜನರನ್ನು ಕಳುಹಿಸಿಬಿಟ್ಟನು. ಆ ಲೇಖಕನು ವಿಶ್ವಾಸಿಯಲ್ಲ. ಆದಾಗ್ಯೂ ಆ ದಿನ ಕ್ರಮವನ್ನು ಬಲ್ಲ ಅವನ ಬಾಯಿಂದಲೇ ದೇವರು ಪೌಲನ ಜೊತೆಗಾರರ ಪ್ರಾಣವನ್ನು ಉಳಿಸಿದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಆ ಗದ್ದಲದ ಕೂಟಕ್ಕೂ ಆ ಲೇಖಕನು ಹೇಳಿದ ನೇಮಕವಾದ ಸಭೆಗೂ ಲೂಕನು ಹಾಕಿದ ಗ್ರೀಕ್ ಮಾತು ಎಕ್ಕ್ಲೇಸಿಯ ಎಂಬದು. ಕ್ರಿಸ್ತನ ಸಭೆಗೂ ಅದೇ ಮಾತು. ನಮ್ಮ ಕನ್ನಡದಲ್ಲಿಯೂ ಹಾಗೆಯೇ ಆಗಿರುತ್ತದೆ: ಭಾನುವಾರ ನಾವು ಕೂಡುವದೂ ಸಭೆ, ಪಂಚಾಯತಿಯ ಕಚೇರಿಯ ಮುಂದೆ ಊರು ಕೂಡುವದೂ ಸಭೆ. ಆದರೆ ಮೊದಲನೆಯ ಸಭೆಗೆ ಬಿಳೀ ಬಟ್ಟೆ ಉಟ್ಟು ಬರುವ ನಮ್ಮವರಲ್ಲಿ ಎರಡನೆಯ ಸಭೆಗೆ ಹೋಗುವವರು ಎಷ್ಟು ಮಂದಿ?

ಈ ಎರಡನೆಯ ಸಭೆಯು ನಮಗೆ ದೊರಕಿದ ರೀತಿಯನ್ನು ಸ್ವಲ್ಪ ಹೇಳುವೆವು. ಹಿಂದೆ ಊರ ಪಂಚಾಯತಿ ಕೂಡುವದಾದರೆ ತಮಟೆ ಬಾರಿಸಿ ಸಾರುವ ಕೆಲಸ ನಮ್ಮಲ್ಲಿ ಅನೇಕರ ಹಿರಿಯರದಾಗಿತ್ತು. ಅವರು ಕರೆದ ಜನರು ಬಂದು ಅರಳೀಕಟ್ಟೆಯ ಮೇಲೆ ಕೂಡ್ರುತ್ತಿದ್ದರು. ಕರೆದವರಿಗೆ ಕಟ್ಟೆಯ ಮೇಲೆ ಸ್ಥಳವಿರಲಿಲ್ಲ. ಮೈಸೂರಿನಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, 144 ಮಂದಿಯ ಪ್ರಜಾಪ್ರತಿನಿಧಿ ಸಭೆಯು ಮೊದಲು ಕೂಡಿತು. ಅದು ದೊಡ್ಡ ಕಾರ್ಯವೇ ಸರಿ, ಆದರೆ ಅಲ್ಲಿ ಕೂತವರು ಭೂಮಿವಂತರೂ ವ್ಯಾಪಾರಸ್ಥರೂ ಮೊದಲಾದವರೇ ಹೊರತು ಕೂಲಿಯವರಲ್ಲ. ಸ್ವಾತಂತ್ರ್ಯ ಬಂದ ಬಹುಕಾಲದ ಮೇಲೆ, ನೀರ್ ಸಾಬರೆಂದು ಹಳ್ಳಿಯವರು ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ, 1983ರ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆದು, ಸ್ತ್ರೀಯರಿಗೆ ನೂರಕ್ಕೆ 25 ಸ್ಥಳಗಳು ದೊರಕಿದವು. ಅನಂತರ ಸಂವಿಧಾನದ 73ನೆಯ ತಿದ್ದುಪಡಿಯು 1993ನೇ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರುಷ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಆಯಿತು. 2010ರಲ್ಲಿ ಸ್ತ್ರೀಯರ ಪಾಲನ್ನು ಅರ್ಧಕ್ಕೆ ಏರಿಸಿದರು.

ಗ್ರಾಮಸಭೆಯ ಸದಸ್ಯರು ಯಾರು? ಪಂಚಾಯತಿಯ ಮೇಂಬರರೆಂದು ನಮ್ಮವರಲ್ಲಿ ಬಹುಮಂದಿ ನೆನಸುತ್ತಾರೆ. ಹಾಗಲ್ಲ. ಆ ಊರುಗಳ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ಗ್ರಾಮಸಭೆಯ ಸದಸ್ಯರೇ. ಯಾರೂ ಅವರನ್ನು ಆರಿಸಬೇಕಾಗಿಲ್ಲ, ಯಾರೂ ತೆಗೆದುಹಾಕಲಾರರು. ಚುನಾವಣೆಯ ಮೀಸಲು ಸ್ಥಳಗಳ ವಿಷಯದಲ್ಲಿ ನಮ್ಮ ಜನರಿಗೆ ಒಂದು ನೋವುಂಟು. ಯಾಕಂದರೆ 1950ರ ರಾಷ್ಟ್ರಪತಿಯ ಆಜ್ಞೆಯ ಪ್ರಕಾರ ಕ್ರಿಸ್ತೀಯನಾದವನು ಪರಿಶಿಷ್ಟ ಜಾತಿಯವರೊಳಗೆ ಎಣಿಸಲ್ಪಡುವದಿಲ್ಲ. ಆ ವ್ಯಾಜ್ಯವು ದೊಡ್ಡ ನ್ಯಾಯಸ್ಥಾನದ ವರೆಗೆ ಹೋಗಿದೆ, ಅದನ್ನು ಇಲ್ಲಿ ಬಿಚ್ಚುವದಿಲ್ಲ. ಆದರೆ ಗ್ರಾಮಸಭೆಯ ಬಾಗಲಲ್ಲಿ ಜಾತಿಪತ್ರವನ್ನು ಯಾರೂ ಕೇಳುವದಿಲ್ಲವೆಂಬದನ್ನು ನೆನಪಿನಲ್ಲಿಡಿರಿ. ಊರ ಬಡಾವಣೆಗಳಿಗೆ ಬೇರೆಬೇರೆಯಾಗಿ ನಡೆಯುವ ವಾರ್ಡುಸಭೆಯೂ, ಎಲ್ಲರೂ ಸೇರುವ ಗ್ರಾಮಸಭೆಯೂ ಆರು ತಿಂಗಳಿಗೆ ಒಂದಾವರ್ತಿಯಾದರೂ ಕೂಡತಕ್ಕದ್ದು. ಮನೆ ಯಾರಿಗೆ, ನಲ್ಲಿ ಯಾವ ಬೀದಿಗೆ, ಚರಂಡಿ ಎಲ್ಲಿಂದ ಎಲ್ಲಿಗೆ, ಎಂಬ ಮಾತುಗಳು ಅಲ್ಲಿಯೇ ಏಳತಕ್ಕವು.

ಇದಕ್ಕೆ ಹೋಗದಿರುವದಕ್ಕೆ ನಮ್ಮವರು ಹೇಳುವ ಮಾತುಗಳನ್ನು ನಾವು ಬಲ್ಲೆವು. ದಿನದ ಕೂಲಿ ಹೋಗುತ್ತದೆಂಬುವದು ನಿಜವಾದ ಮಾತು. ಅದನ್ನು ಹಗುರವಾಗಿ ತಳ್ಳಿಬಿಡುವದು ತಿಂಗಳ ಸಂಬಳದವನಿಗೆ ಸುಲಭ. ಆದಕಾರಣ ಮನೆಗೊಬ್ಬರಾದರೂ ಹೋಗಲಿ, ಬೀದಿಯವರು ಸರತಿ ಮಾಡಿಕೊಳ್ಳಲಿ. ದೊಡ್ಡವರು ಮಾತಾಡುವಲ್ಲಿ ನಮ್ಮ ಮಾತು ನಡೆಯದೆಂಬವರಿಗೆ, ನಾಲ್ಕು ಮಂದಿ ಹೋದರೆ ನಡೆಯದು, ನಲವತ್ತು ಮಂದಿ ಹೋದರೆ ನಡೆದೀತು ಎನ್ನುವೆವು. ಇನ್ನು ಕೆಲವರು ಭಕ್ತಿಯ ಮುಖದಿಂದ, ಇದು ಲೋಕದ ಕಾರ್ಯ, ನಮ್ಮ ಊರು ಪರಲೋಕದಲ್ಲಿದೆ ಅನ್ನುತ್ತಾರೆ. ಹಾಗಾದರೆ ಬೋವಜನು ಬೇತ್ಲೆಹೇಮಿನ ಊರಬಾಗಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂಡ್ರಿಸಿಕೊಂಡು ರೂತಳ ಕಾರ್ಯವನ್ನು ತೀರಿಸಿದ್ದು ಯಾವ ಲೋಕದ ಕಾರ್ಯ? ಆ ದಿನ ಅವನು ಮನೆಯಲ್ಲಿ ಪ್ರಾರ್ಥನೆ ಮಾಡುತ್ತಾ ಕೂತಿದ್ದರೆ ದಾವೀದನ ವಂಶಾವಳಿಯನ್ನು ನಾವು ಹೇಗೆ ಓದುತ್ತಿದ್ದೆವು?

ಆದರೆ ಹೋಗದಿರುವದಕ್ಕಿಂತಲೂ ಕೆಟ್ಟದ್ದೊಂದು ನಮ್ಮಲ್ಲಿ ನಡೆಯುತ್ತದೆ. ಅದರ ವಿಷಯವಾಗಿಯೇ ಈ ತಿಂಗಳು ಮುಖ್ಯವಾಗಿ ಬರೆಯಬೇಕೆಂದೆವು. ಸಭೆಯೇ ಕೂಡದ ಕಡೆಯಲ್ಲಿ, ಅಥವಾ ಹತ್ತು ಮಂದಿ ಕೂತು ಚಹಾ ಕುಡಿದು ಎದ್ದ ಕಡೆಯಲ್ಲಿ, ಹಾಜರಿಯ ಪುಸ್ತಕವು ಸಂಜೆ ಮನೆಮನೆಗೆ ಬರುತ್ತದೆ. ತಂದವನು ಪರಿಚಯಸ್ಥನೇ, ಬಹಳ ಮರ್ಯಾದೆಯಿಂದಲೇ ಕೇಳುತ್ತಾನೆ: ಅಕ್ಕಾ, ಇಲ್ಲೊಂದು ಸಹಿ ಹಾಕು, ಯಜಮಾನರೇ, ಇಲ್ಲೊಂದು ಹೆಬ್ಬೆಟ್ಟು ಒತ್ತಿರಿ. ಹಾಕದಿದ್ದರೆ ಮನೆಯ ಪಟ್ಟಿಯಿಂದ ಹೆಸರು ಹೋದೀತೆಂದು ಕೆಲವರಿಗೆ ಭಯ. ಹಾಕಿದರೇನು ಹೋಯಿತೆಂದು ಕೆಲವರಿಗೆ ಅಲಕ್ಷ್ಯ. ಈ ಸಹಿಯು ಏನು ಹೇಳುತ್ತದೆಂದು ಯೋಚಿಸಿರಿ. ನಾನು ಆ ಹೊತ್ತಿನಲ್ಲಿ ಆ ಸ್ಥಳದಲ್ಲಿದ್ದೆನು, ಅಲ್ಲಿ ಆದ ತೀರ್ಮಾನಕ್ಕೆ ನಾನು ಸಾಕ್ಷಿ, ಎಂದು ಹೇಳುತ್ತದೆ. ಇಲ್ಲದವನು ಇದ್ದೆನೆಂದು ಬರಕೊಡುವದಕ್ಕೆ ಹತ್ತು ಆಜ್ಞೆಗಳಲ್ಲಿ ಒಂದು ಹೆಸರುಂಟು. ನಮ್ಮ ಭಾನುವಾರದ ಶಾಲೆಯ ಮಕ್ಕಳು ಸಹ ಅದನ್ನು ಬಲ್ಲರು. ಅದರ ಫಲವಾದರೂ ಯಾರ ತಲೆಯ ಮೇಲೆ ಬೀಳುತ್ತದೆ? ವಿಧವೆಯ ಮನೆ ಸ್ಥಿತಿವಂತನ ಹೆಸರಿಗಾದದ್ದಕ್ಕೂ, ಹಾಕದ ಜಲ್ಲಿಗೆ ಹಣ ಹೋದದ್ದಕ್ಕೂ ಕೆಳಗೆ ನಮ್ಮ ಹೆಬ್ಬೆಟ್ಟು ಇರುತ್ತದೆ. ಮರುವರುಷ ದೂರು ಕೊಡಲು ಹೋದರೆ ಅಧಿಕಾರಿಯು ಆ ಪುಸ್ತಕವನ್ನೇ ತೆರೆದು ತೋರಿಸಿ, ಆ ದಿನ ನೀವೇ ಒಪ್ಪಿದಿರಲ್ಲಾ, ಅನ್ನುವನು. ನಾಬೋತನ ದ್ರಾಕ್ಷೇತೋಟವು ಕೈಬಿಟ್ಟದ್ದು ಕತ್ತಿಯಿಂದಲ್ಲ, ಕೂಡಿದ ಸಭೆಯಲ್ಲಿ ಇಬ್ಬರು ಹೇಳಿದ ಸಾಕ್ಷಿಯಿಂದ.

ಹಾಗಾದರೆ ಪುಸ್ತಕ ತಂದವನ ಸಂಗಡ ಜಗಳ ಮಾಡಬೇಕೋ? ಬೇಡ. ಅಣ್ಣಾ, ಸಭೆಯ ದಿನ ಹೇಳಿ ಕಳುಹಿಸು, ಬಂದು ಅಲ್ಲಿಯೇ ಸಹಿ ಹಾಕುವೆನು, ಎಂದರೆ ಸಾಕು. ಸಭೆಯಲ್ಲಿಯೂ ಖಾಲಿ ಹಾಳೆಗೆ ಸಹಿ ಹಾಕಬೇಡಿರಿ. ಹಿಂದಿನ ಸಭೆಯ ನಡವಳಿಯನ್ನು ಮೊದಲು ಓದಿ ಹೇಳಿರೆಂದು ಕೇಳಿರಿ. ನಿಮ್ಮ ಬೀದಿಯ ಕೋರಿಕೆಯನ್ನು ಬರದೇ ಕೊಡಿರಿ, ಅದನ್ನು ನಡವಳಿಯಲ್ಲಿ ಸೇರಿಸಿದ್ದನ್ನು ಕೇಳಿ ತಿಳುಕೊಂಡೇ ಏಳಿರಿ. ಬರೆಯಲು ಬಾರದವರಿಗೆ ಬರದುಕೊಡುವದು ಉಪದೇಶಿಯ ಕೆಲಸಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ.

ಸ್ತ್ರೀಯರಿಗೆ ಒಂದು ಮಾತು. ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆಯೂ ಪ್ರಧಾನರ ಮುಂದೆಯೂ ಸರ್ವಸಮೂಹದ ಮುಂದೆಯೂ ದೇವದರ್ಶನದ ಗುಡಾರದ ಬಾಗಲಲ್ಲಿ ನಿಂತು, ಗಂಡುಮಕ್ಕಳಿಲ್ಲದ ತಂದೆಯ ಸ್ವಾಸ್ತ್ಯವು ಯಾಕೆ ಅಳಿಯಬೇಕೆಂದು ಕೇಳಿದರು. ಮೋಶೆಯು ಅವರನ್ನು ಗದರಿಸಲಿಲ್ಲ. ಅವರ ಮಾತನ್ನು ದೇವರ ಮುಂದೆ ತೆಗೆದುಕೊಂಡು ಹೋದನು. ದೇವರು ಅವರ ಮಾತು ನ್ಯಾಯವೆಂದು ತೀರ್ಪು ಕೊಟ್ಟನು, ಆ ತೀರ್ಪು ಇಸ್ರಾಯೇಲ್ಯರಿಗೆಲ್ಲಾ ಕಟ್ಟಳೆಯಾಯಿತು. ಈಗಿನ ಪಂಚಾಯತಿಗಳಲ್ಲಿ ಅಧ್ಯಕ್ಷಳ ಕುರ್ಚಿಯ ಪಕ್ಕದಲ್ಲಿ ಆಕೆಯ ಗಂಡನು ಕೂತು ಎಲ್ಲಾ ಉತ್ತರಗಳನ್ನೂ ತಾನೇ ಕೊಡುವದನ್ನು ಕಂಡಿದ್ದೇವೆ. ಆ ಐವರು ತಮ್ಮ ಪರವಾಗಿ ಮಾತಾಡಲು ಯಾವ ಗಂಡಸನ್ನೂ ಕರತರಲಿಲ್ಲ.

ಸಭೆಯ ಆರಂಭದಲ್ಲಿಯೂ ಶಾಲೆಯ ವಾರ್ಷಿಕೋತ್ಸವದಲ್ಲಿಯೂ ದೀಪ ಹಚ್ಚಿ, ಕಾಯಿ ಒಡೆದು, ಪಟಕ್ಕೆ ಪೂಜೆ ಮಾಡುವದುಂಟು. ಆಗ ನಾವೇನು ಮಾಡಬೇಕೆಂದು ಹಲವರು ಕೇಳಿದ್ದಾರೆ. ದಾನಿಯೇಲನು ಬಾಬೆಲಿನ ಅರಮನೆಯ ಕೆಲಸವನ್ನೂ ಬಿಡಲಿಲ್ಲ, ಯೆರೂಸಲೇಮಿನ ಕಡೆಗಿದ್ದ ತನ್ನ ಕಿಟಿಕಿಯನ್ನೂ ಮುಚ್ಚಲಿಲ್ಲ. ನಾವು ಪೂಜೆಯಲ್ಲಿ ಕೈಹಾಕುವದಿಲ್ಲ, ಆದರೆ ನೆರೆಯವನು ತನ್ನ ದೇವರಿಗೆ ಕೈಮುಗಿಯುವಾಗ ಮುಖ ತಿರುಗಿಸಿ ಹೀಯಾಳಿಸುವದೂ ಕ್ರಿಸ್ತನ ರೀತಿಯಲ್ಲ. ಸುಮ್ಮನೆ ಮರ್ಯಾದೆಯಿಂದ ಇದ್ದರಾಯಿತು. ಸರಕಾರದ ಮಾನ್ಯತೆಯಾಗಲಿ ಹಣವಾಗಲಿ ಇರುವ ಶಾಲೆಯಲ್ಲಿ ಯಾವ ಮಗುವನ್ನೂ ಹೆತ್ತವರ ಒಪ್ಪಿಗೆಯಿಲ್ಲದೆ ಆರಾಧನೆಗೆ ಸೇರಿಸಕೂಡದೆಂದು ಸಂವಿಧಾನದ 28ನೆಯ ಅನುಚ್ಛೇದವು ಹೇಳುತ್ತದೆ. ಬೇಕಾದರೆ ಮುಖ್ಯೋಪಾಧ್ಯಾಯರಿಗೆ ಇದನ್ನು ಮುಂಚಿತವಾಗಿ, ತಗ್ಗಿದ ದನಿಯಿಂದ ತಿಳಿಸಿರಿ. ಆದರೆ ಇದನ್ನೇ ನೆವಮಾಡಿಕೊಂಡು ಶಾಲೆಗೇ ಹೋಗದಿರುವದು ಸೋಮಾರಿತನವೇ.

ಶಾಲೆಯ ಮಾತು ಬಂತು. 1810ರಲ್ಲಿ ಬಳ್ಳಾರಿಗೆ ಲಂಡನ್ ಮಿಷನಿನವರೂ 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನಿನವರೂ ಬಂದು ಮಾಡಿದ ಮೊದಲನೆಯ ಕೆಲಸಗಳಲ್ಲಿ ಶಾಲೆಯೂ ಒಂದು. ಆಗ ಉಪಾಧ್ಯಾಯನು ಮನೆಮನೆಗೆ ಹೋಗಿ ಮಕ್ಕಳನ್ನು ಕೊಡಿರೆಂದು ಬೇಡಿಕೊಳ್ಳಬೇಕಾಗಿತ್ತು. ಈಗ ಶಾಲೆಯು ಬಾಗಲಿಗೆ ಬಂದಿದೆ, ಮಧ್ಯಾಹ್ನದ ಊಟವೂ ಅಲ್ಲಿಯೇ. ಆ ಅಕ್ಷರ ದಾಸೋಹದ ಪಂಕ್ತಿಯಲ್ಲಿ ಎಲ್ಲಾ ಬೀದಿಗಳ ಮಕ್ಕಳು ಒಟ್ಟಿಗೆ ಕೂತು ಉಣ್ಣುವದನ್ನು ನಮ್ಮ ಅಜ್ಜಂದಿರು ನೋಡಿದ್ದರೆ ಕಣ್ಣೀರು ಸುರಿಸುತ್ತಿದ್ದರು. ಎಲ್ಲಿಯಾದರೂ ಪಂಕ್ತಿ ಬೇರೆ, ತಟ್ಟೆ ಬೇರೆ ಎಂದು ಕಂಡುಬಂದರೆ ಅದನ್ನು ಕೇಳುವ ಸ್ಥಳವೂ ಉಂಟು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಸರಕಾರೀ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಹೆತ್ತವರೋ ಪೋಷಕರೋ ಇರತಕ್ಕದ್ದು, ಅರ್ಧ ಮಂದಿ ಸ್ತ್ರೀಯರಾಗಿರತಕ್ಕದ್ದು. ನಮ್ಮ ರಾಜ್ಯದಲ್ಲಿ ಅದಕ್ಕೂ ಮುಂಚೆಯೇ, 2001ರಿಂದ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂಬ ಹೆಸರಿನಿಂದ ಇದು ನಡೆದುಬಂದಿದೆ. ಹೆಸರು ಉದ್ದವಾಗಿದೆಯೆಂದು ಅಂಜಬೇಡಿರಿ. ಅಕ್ಕಿ ಬೇಳೆ ಸರಿಯಾಗಿ ಬಂತೋ, ಉಪಾಧ್ಯಾಯರು ಬಂದರೋ, ಹೆಣ್ಣುಮಕ್ಕಳ ಕಕ್ಕಸಿಗೆ ನೀರು ಉಂಟೋ ಎಂದು ನೋಡುವದೇ ಅದರ ಕೆಲಸ. ಇದಕ್ಕೆ ಓದು ಬೇಡ, ಕಣ್ಣು ಸಾಕು.

ಮರಿಯಳೂ ಯೋಸೇಫನೂ ಹನ್ನೆರಡು ವರುಷದ ಮಗನನ್ನು ಹುಡುಕುತ್ತಾ ಹಿಂತಿರುಗಿ ಬಂದು, ಮೂರನೆಯ ದಿನದಲ್ಲಿ, ಅವನು ಬೋಧಕರ ನಡುವೆ ಕೂತು ಪ್ರಶ್ನೆ ಕೇಳುವದನ್ನು ಕಂಡರು. ನಮ್ಮಲ್ಲಿ ಮೂರು ವರುಷವಾದರೂ ಮಗನು ಯಾವ ಬೆಂಚಿನ ಮೇಲೆ ಕೂಡ್ರುತ್ತಾನೆಂದು ನೋಡದ ತಂದೆಗಳಿದ್ದಾರೆ. ಪೋಷಕರ ಸಭೆಗೆ ಕರೆ ಬಂದರೆ, ತಪ್ಪು ಮಾಡಿದನೋ ಎಂದು ಹೆದರುತ್ತಾರೆ. ವಾರ್ಷಿಕೋತ್ಸವಕ್ಕೆ ಕರೆದರೆ, ನಮ್ಮ ಹುಡುಗನಿಗೆ ಬಹುಮಾನವಿಲ್ಲವಲ್ಲಾ ಅನ್ನುತ್ತಾರೆ. ಕುಣಿಯುವ ಮಗುವು ತೆರೆಯ ಸಂದಿಯಿಂದ ಇಣುಕುವದು ಬಹುಮಾನಕ್ಕಾಗಿಯೋ? ಜನರ ಮಧ್ಯದಲ್ಲಿ ತಾಯಿಯ ಸೀರೆಯ ಬಣ್ಣವನ್ನು ಹುಡುಕುತ್ತದೆ. ಮಕ್ಕಳ ಗ್ರಾಮಸಭೆಯೆಂದು ಪಂಚಾಯತಿಗಳು ನಡಿಸುವ ಕೂಟದಲ್ಲಿ ಮಕ್ಕಳೇ ಎದ್ದು, ಶಾಲೆಗೆ ಗೋಡೆಯಿಲ್ಲ, ದಾರಿಯಲ್ಲಿ ಹೆಂಡದಂಗಡಿಯಿದೆ, ಎಂದು ಹೇಳುತ್ತಾರೆ. ತಂದೆಗಿಲ್ಲದ ಧೈರ್ಯವು ಐದನೆಯ ತರಗತಿಯ ಮಗಳಲ್ಲಿರುವದನ್ನು ಅಲ್ಲಿ ಕಾಣಬಹುದು.

ನಾವು ಬಲ್ಲ ಒಂದು ಊರಿನಲ್ಲಿ ನಮ್ಮವರ ಸಮಾಧಿಯ ಭೂಮಿಯು ಹಳ್ಳದ ಆಚೆಯಲ್ಲಿದೆ. ಮಳೆಗಾಲದಲ್ಲಿ ಶವವನ್ನು ಎದೆಮಟ್ಟದ ನೀರಿನಲ್ಲಿ ತಲೆಯ ಮೇಲೆ ಹೊತ್ತು ದಾಟಬೇಕು. ಬಹು ವರುಷ ಅವರು ಈ ದುಃಖವನ್ನು ಪ್ರಾರ್ಥನಾಕೂಟದಲ್ಲಿ ಮಾತ್ರ ಹೇಳಿಕೊಂಡರು. ಒಂದು ಸಲ, ಗಂಡನನ್ನು ಹಾಗೆಯೇ ದಾಟಿಸಿ ಹೂಣಿಟ್ಟ ಒಬ್ಬ ಸಹೋದರಿಯು ಗ್ರಾಮಸಭೆಯಲ್ಲಿ ಎದ್ದು, ಸತ್ತವರಿಗೆ ದಾರಿ ಕೊಡಿರಿ ಸ್ವಾಮೀ, ಎಂದು ಕೇಳಿದಳು. ಸಭೆ ಸ್ತಬ್ಧವಾಯಿತು. ಆಕೆಯ ಮಾತಿಗೆ ಮೊದಲು ಹೌದೆಂದವನು ನಮ್ಮವನಲ್ಲ. ಹಳ್ಳದ ಪಕ್ಕದ ಹೊಲದ ಒಡೆಯನಾದ ಒಬ್ಬ ಗೌಡನು. ತನ್ನ ಬದುವಿನ ಮೇಲೆ ದಾರಿ ಬಿಡುವೆನೆಂದು ಅವನು ಅಲ್ಲಿಯೇ ಹೇಳಿದನು. ಅದು ನಡವಳಿಯಲ್ಲಿ ಬರೆಯಲ್ಪಟ್ಟಿದೆ. ಕಾಲುಸಂಕಕ್ಕೆ ಹಣ ಇನ್ನೂ ಬಂದಿಲ್ಲ, ಮೋಜಣಿಯವರೂ ಬಂದಿಲ್ಲ. ಮುಂದಿನ ಗ್ರಾಮಸಭೆಯು ಬುಧವಾರವೆಂದು ಸಾರಿದ್ದಾರೆ. ಆ ಊರಿನ ಬುಧವಾರದ ಪ್ರಾರ್ಥನಾಕೂಟವನ್ನು ಹಿರಿಯರು ಗುರುವಾರಕ್ಕೆ ಇಟ್ಟಿದ್ದಾರೆ.