ಕೈ ಮೇಲೆ ನಿಲ್ಲಲು ಶನಿವಾರವೊಂದೇ ಸಾಲದು

ನಮ್ಮ ಸಂಘದ ಶನಿವಾರದ ಯೋಗ ತರಗತಿಗೆ ಬರುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ, ಸಂಜೆಯಾದರೆ ಮಕ್ಕಳನ್ನು ಈಜು, ಪಿಯಾನೊ, ಗಣಿತದ ಕ್ಲಾಸು ಅಂತ ಕರೆದುಕೊಂಡು ಓಡಾಡುತ್ತಾರೆ. ಇವರಲ್ಲಿ ಕೆಲವರಿಗೆ ಕೈ ಮೇಲೆ ನಿಲ್ಲಬೇಕೆಂಬ ಆಸೆ. ಹಿತ್ತಲಲ್ಲಿ ಮಗಳು ಲಾಗ ಹಾಕುವುದನ್ನು ನೋಡಿ ಒಬ್ಬರಿಗೆ ಆಸೆ ಹುಟ್ಟಿದ್ದರೆ, ಚಿಕ್ಕಂದಿನಲ್ಲಿ ಹೊಳೆ ಮರಳಿನಲ್ಲಿ ಆಡಿದ್ದು ನೆನಪಾಗಿ ಇನ್ನೊಬ್ಬರಿಗೆ. ಎಲ್ಲರೂ ಕೇಳುವುದು ಮಾತ್ರ ಒಂದೇ: "ಮೇಡಂ, ವಾರಕ್ಕೆ ಎಷ್ಟು ಸಲ ಮಾಡಬೇಕು? ಒಂದು ಸಲಕ್ಕೆ ಎಷ್ಟು ಹೊತ್ತು?"

ವಾರಕ್ಕೆ 4–5 ದಿನ, ದಿನಕ್ಕೆ 10ರಿಂದ 15 ನಿಮಿಷ. ನಾನು ಕೊಡುವ ಉತ್ತರ ಇಷ್ಟೇ. ಇದನ್ನು ಕೇಳಿದ ಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ. ಹದಿನೈದು ನಿಮಿಷಕ್ಕೆ ಯಾರೂ ಹೆದರುವುದಿಲ್ಲ, ಕಷ್ಟವಿರುವುದು "4–5 ದಿನ" ಎನ್ನುವುದರಲ್ಲಿ. ಪರದೇಶದ ಬದುಕಿನಲ್ಲಿ ನಮಗೆ ಪ್ರೀತಿಯಾದುದೆಲ್ಲ ಶನಿವಾರ, ಭಾನುವಾರಕ್ಕೆ ಸರಿದುಬಿಟ್ಟಿದೆ. ದೇವಸ್ಥಾನ, ಮಕ್ಕಳ ಕನ್ನಡ ಪಾಠ, ಸಂಗೀತ, ದಿನಸಿ ಅಂಗಡಿ, ಊರಿಗೆ ಫೋನು, ಎಲ್ಲಕ್ಕೂ ಆ ಎರಡೇ ದಿನ. ಯೋಗವನ್ನೂ ಅಲ್ಲೇ ತುರುಕಿದ್ದೇವೆ. ಬೇರೆ ಕೆಲವು ಆಸನಗಳು ಇದಕ್ಕೆ ಹೇಗೋ ಒಗ್ಗಿಕೊಳ್ಳಬಹುದು. ಕೈ ಮೇಲೆ ನಿಲ್ಲುವ ವಿದ್ಯೆ ಒಗ್ಗಿಕೊಳ್ಳುವುದಿಲ್ಲ.

ಮೈಸೂರಿನ ಪದ್ಧತಿಯನ್ನೇ ನೋಡಿ. ಹಾಸನದ ಹತ್ತಿರದ ಕೌಶಿಕದಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ತಮ್ಮ ಅಷ್ಟಾಂಗ ಯೋಗದ ಸಂಸ್ಥೆ ಶುರುಮಾಡಿದರು. ಆ ಪರಂಪರೆಯಲ್ಲಿ ಅಭ್ಯಾಸ ವಾರಕ್ಕೆ 6 ದಿನ. ಅಮಾವಾಸ್ಯೆಗೆ ರಜೆ, ಹುಣ್ಣಿಮೆಗೆ ರಜೆ, ಅದು ಬಿಟ್ಟರೆ ಶನಿವಾರ ರಜೆ. ನಾವು ಅಭ್ಯಾಸಕ್ಕೆಂದು ಎತ್ತಿಟ್ಟುಕೊಂಡ ಒಂದೇ ದಿನವನ್ನು ಅವರು ವಿಶ್ರಾಂತಿಗೆ ಬಿಟ್ಟಿದ್ದಾರೆ! ಜೋಯಿಸರು 1975ರಲ್ಲಿ ಮಗನೊಂದಿಗೆ ಕ್ಯಾಲಿಫೋರ್ನಿಯದ ಎನ್ಸಿನಿಟಾಸ್‌ಗೆ ಬಂದು ಪಾಠ ಹೇಳಿದರು. ಇವತ್ತು ಅಮೆರಿಕ, ಯೂರೋಪಿನ ಎಷ್ಟೋ ಊರುಗಳಲ್ಲಿ ಕೆಲಸಕ್ಕೆ ಹೋಗುವ ಮುಂಚೆ, ಇನ್ನೂ ಕತ್ತಲಿರುವಾಗಲೇ ಸೇರಿ ಅಭ್ಯಾಸ ಮಾಡುವವರಿದ್ದಾರೆ. ಎಲ್ಲರೂ ಒಟ್ಟಿಗೆ ಒಂದೇ ಆಸನ ಹಾಕುವುದಿಲ್ಲ. ಅವರವರ ಪಾಠ ಅವರವರಿಗೆ, ಅವರವರ ಉಸಿರಿನ ಗತಿಯಲ್ಲಿ. ಇದಕ್ಕೆ ಅವರು ಇಟ್ಟುಕೊಂಡ ಹೆಸರು "ಮೈಸೂರು ಕ್ಲಾಸ್". ನಮ್ಮ ಊರಿನ ಹೆಸರು ಹೊತ್ತ ಶಿಸ್ತನ್ನು ಅವರು ಕೈಬಿಡದೆ ನಡೆಸುತ್ತಿರುವಾಗ ನಾವು ಅದನ್ನು ವಾರಾಂತ್ಯಕ್ಕೆ ಕಟ್ಟಿಹಾಕಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ವಾರಕ್ಕೆ ಇಷ್ಟು ದಿನ ಏಕೆ ಬೇಕು ಎಂಬುದಕ್ಕೆ ಕಾರಣ ಇದೆ. ಕೈ ಮೇಲೆ ನಿಲ್ಲಲು ಬಲ ಬೇಕು, ನಿಜ. ಆದರೆ ಎರಡು ಮೂರು ತಿಂಗಳಲ್ಲಿ ಸಾಮಾನ್ಯ ಆರೋಗ್ಯವಂತರಿಗೆ ಆ ಬಲ ಬಂದುಬಿಡುತ್ತದೆ. ನಿಧಾನವಾಗಿ ಬರುವುದು ಸಮತೋಲ. ಅದನ್ನು ಕಲಿಯುವುದು ನರಮಂಡಲ. ದೇಹ ಎತ್ತ ವಾಲುತ್ತಿದೆ ಎಂಬುದನ್ನು ಅಂಗೈಯಿಂದಲೇ ಗ್ರಹಿಸಿ, ಯೋಚನೆಗೆ ಅವಕಾಶವಿಲ್ಲದಷ್ಟು ಬೇಗ ಬೆರಳಿಂದಲೇ ಸರಿಪಡಿಸಬೇಕು. ಇಂಥ ಕಲಿಕೆಯನ್ನು ಒಂದೇ ಸಲ ಗಂಟೆಗಟ್ಟಲೆ ಮಾಡುವುದಕ್ಕಿಂತ ಚಿಕ್ಕ ಚಿಕ್ಕ ಪಾಲು ಮಾಡಿ ಹಂಚಿದರೆ ಚೆನ್ನಾಗಿ ಕೂರುತ್ತದೆ. ನಡುವಿನ ನಿದ್ದೆಯಲ್ಲೂ ಮೆದುಳು ಅಂದಿನ ಪಾಠವನ್ನು ಗಟ್ಟಿಮಾಡಿಕೊಳ್ಳುತ್ತದೆ. ಇನ್ನೊಂದು ವಿಷಯ: ದಣಿದ ಹೆಗಲಿನಲ್ಲಿ ಕಲಿತದ್ದು ಕೆಟ್ಟ ಅಭ್ಯಾಸವಾಗಿ ಉಳಿಯುತ್ತದೆ. ಒಂದು ಗಂಟೆಯ ಕೊನೆಯ ಅರ್ಧದಲ್ಲಿ ಮೊಣಕೈ ಮಡಚುತ್ತದೆ, ಸೊಂಟ ಬಿಲ್ಲಿನಂತೆ ಬಾಗುತ್ತದೆ, ಮರುದಿನ ಮೈ ನೆನಪಿಟ್ಟುಕೊಳ್ಳುವುದು ಅದನ್ನೇ.

ಕೈಗಳ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿ. ಅಂಗೈ ಹೆಗಲಿನಷ್ಟು ಅಗಲಕ್ಕೆ ಊರಿದೆ, ಬೆರಳುಗಳು ಹರಡಿವೆ, ಅವುಗಳ ನಡುಗೆಣ್ಣು ತುಸು ಮೇಲೆದ್ದಿದೆ. ಕಾಲು ಮೇಲೆ ಹೋಗಿ ದೇಹ ಬೆನ್ನಿನ ಕಡೆಗೆ ವಾಲಿತು ಎನ್ನಿ. ತಕ್ಷಣ ಬೆರಳ ತುದಿಗಳು ನೆಲವನ್ನು ಒತ್ತುತ್ತವೆ, ಉಗುರುಗಳು ತುದಿಯಲ್ಲಿ ಬೆಳ್ಳಗಾಗುತ್ತವೆ, ವಾಲಿದ ಮೈ ಹಿಂದಕ್ಕೆ ಬರುತ್ತದೆ. ಕಾಲು ಬಂದ ಕಡೆಗೇ ಇಳಿಯುತ್ತಿದ್ದರೆ ಭಾರ ಅಂಗೈಯ ಬುಡಕ್ಕೆ ಸರಿಯುತ್ತದೆ. ಇದನ್ನು ಉಳಿಸಿಕೊಳ್ಳುವುದು ಹೆಚ್ಚು ಕಷ್ಟ; ಹೆಗಲನ್ನು ಮುಂದೆ ತಂದು ನೆಲವನ್ನು ಬಲವಾಗಿ ನೂಕಬೇಕು. ಆದ್ದರಿಂದ ಬಲ್ಲವರು ಒಂದು ಕೂದಲೆಳೆಯಷ್ಟು ಬೆರಳಿನ ಕಡೆಗೇ ವಾಲಿ ನಿಲ್ಲುತ್ತಾರೆ. ಅಲುಗಾಡದೆ ನಿಂತಂತೆ ಕಾಣುವ ಮನುಷ್ಯನ ಬೆರಳುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ವಾರಕ್ಕೊಮ್ಮೆ ನೆಲ ಮುಟ್ಟುವ ಬೆರಳುಗಳಿಗೆ ಈ ಚುರುಕು ಎಲ್ಲಿಂದ ಬರಬೇಕು?

ಇನ್ನು ಎಷ್ಟು ಹೊತ್ತು ಎನ್ನುವ ಪ್ರಶ್ನೆ. ಹದಿನೈದನೆಯ ಶತಮಾನದ ಸ್ವಾತ್ಮಾರಾಮರ ಹಠಯೋಗ ಪ್ರದೀಪಿಕೆಯ ಮೂರನೆಯ ಅಧ್ಯಾಯದಲ್ಲಿ ವಿಪರೀತಕರಣಿಯ ಮಾತು ಬರುತ್ತದೆ. ಅದು ಕೈ ಮೇಲೆ ನಿಲ್ಲುವ ಆಸನ ಅಲ್ಲ. ಆದರೆ ತಲೆ ಕೆಳಗೆ, ಕಾಲು ಮೇಲೆ ಎಂಬುದಂತೂ ಹೌದು. ಮೊದಲ ದಿನ ಕ್ಷಣಮಾತ್ರ ಇರಬೇಕು, ಆಮೇಲೆ ದಿನದಿನವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು ಎಂಬುದು ಅಲ್ಲಿನ ಸೂಚನೆ. ಎಷ್ಟು ಸಲ, ಎಷ್ಟು ಹೊತ್ತು ಎಂಬ ಎರಡೂ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಇಂದಿನ ಜಿಮ್ನಾಸ್ಟಿಕ್ಸ್ ಪಂದ್ಯದಲ್ಲಿ ಸ್ಥಿರವಾಗಿ ನಿಲ್ಲುವ ಭಂಗಿಗೆ ಕೇಳುವುದು ಕನಿಷ್ಠ 2 ಸೆಕೆಂಡ್. ನಿಮಿಷಗಟ್ಟಲೆ ನಿಲ್ಲಲಾಗಲಿಲ್ಲವೆಂದು ಹಳಹಳಿಸುವವರಿಗೆ ಇದನ್ನು ಹೇಳುತ್ತೇನೆ. ನೆಟ್ಟಗೆ, ಉಸಿರು ಕಟ್ಟದೆ ನಿಂತ ಎರಡು ಸೆಕೆಂಡ್ ದೊಡ್ಡ ಸಂಗತಿ.

ಆದರೂ ಒಂದು ಲೆಕ್ಕ ಮರೆಯಬಾರದು. ಹೊಸಬರು ನಡುಮನೆಯಲ್ಲಿ 15 ಸಲ ಕಾಲು ಹಾರಿಸಿ ಪ್ರತಿ ಸಲವೂ 2 ಸೆಕೆಂಡ್ ನಿಂತರು ಎಂದೇ ಇಟ್ಟುಕೊಳ್ಳಿ. ಅಷ್ಟು ಬೆವರಿಗೆ ಕೈ ಮೇಲೆ ನಿಂತ ಒಟ್ಟು ಸಮಯ ಅರ್ಧ ನಿಮಿಷ! ಗೋಡೆಯ ಕಡೆಗೆ ಎದೆ ಮಾಡಿ, ಕಾಲನ್ನು ಗೋಡೆಯ ಮೇಲೆ ನಡೆಸಿಕೊಂಡು ಹೋಗಿ 20 ಸೆಕೆಂಡಿನಂತೆ ಐದು ಸಲ ನಿಂತರೆ ಒಂದೂವರೆ ನಿಮಿಷಕ್ಕೂ ಹೆಚ್ಚು. ಪ್ರತಿ ಸಲದ ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟರೂ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹೀಗಾಗಿ ಮೊದಲ ಕೆಲವು ತಿಂಗಳು ಗೋಡೆಯನ್ನು ಬಿಡಲು ನಾನು ಒಪ್ಪುವುದಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1966ರಲ್ಲಿ ಹೊರತಂದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅಧೋಮುಖ ವೃಕ್ಷಾಸನವನ್ನು, ಅಂದರೆ ಕೈ ಮೇಲೆ ನಿಲ್ಲುವ ಆಸನವನ್ನು, ಗೋಡೆಯ ಹತ್ತಿರವೇ ಕಲಿಸುತ್ತಾರೆ. ಗೋಡೆ, ಹಗ್ಗ, ಕುರ್ಚಿಗಳನ್ನು ಅಭ್ಯಾಸದ ಸಲಕರಣೆಯಾಗಿ ಗೌರವದಿಂದ ಬಳಸಲು ಕಲಿಸಿದವರೇ ಅವರು. ಗೋಡೆಗೆ ಒರಗಿ ಒಂದು ನಿಮಿಷ ಸಲೀಸಾಗಿ ನಿಲ್ಲಲು ಬಂದ ಮೇಲೆ ಒಂದೊಂದೇ ಪಾದವನ್ನು ಗೋಡೆಯಿಂದ ಬಿಡಿಸಿ ನೋಡುವುದು ಮುಂದಿನ ಹೆಜ್ಜೆ. ಗೋಡೆಯಿಲ್ಲದೆ 10 ಸೆಕೆಂಡ್ ನಿಲ್ಲಲು ಹಲವರಿಗೆ ವರ್ಷವೇ ಹಿಡಿಯುತ್ತದೆ. "30 ದಿನದಲ್ಲಿ ಹ್ಯಾಂಡ್‌ಸ್ಟ್ಯಾಂಡ್" ಎಂಬ ವಿಡಿಯೊಗಳು ನನಗೆ ಹಿಡಿಸದಿರುವುದು ಇದಕ್ಕೇ. ಮೂವತ್ತೊಂದನೆಯ ದಿನ ಎಷ್ಟು ಜನ ಮನಸ್ಸು ಮುರಿದುಕೊಂಡು ಬಿಟ್ಟಿರುತ್ತಾರೋ.

ಗೋಡೆ ಎಂದಾಗ ಇಲ್ಲಿನ ಮನೆಗಳ ಬಗ್ಗೆ ಒಂದು ಮಾತು. ಊರಿನ ಇಟ್ಟಿಗೆ ಗೋಡೆಯ ಧೈರ್ಯದಲ್ಲಿ ಇಲ್ಲಿ ಕಾಲು ಎಸೆಯಬೇಡಿ. ಡ್ರೈವಾಲ್ ಒಳಗೆ ಟೊಳ್ಳು, ಹಿಮ್ಮಡಿ ಜೋರಾಗಿ ಬಡಿದರೆ ಗುಳಿ ಬೀಳುತ್ತದೆ, ಬಾಡಿಗೆ ಮನೆಯಾದರೆ ಡಿಪಾಸಿಟ್ಟಿಗೂ ಸಂಚಕಾರ. ಕಾಲನ್ನು ಗೋಡೆಯ ಮೇಲೆ ನಡೆಸಿಕೊಂಡು ಹೋಗುವ ವಿಧಾನದಲ್ಲಿ ಈ ಭಯವಿಲ್ಲ. ದಪ್ಪ ಕಾರ್ಪೆಟ್ ಕೂಡ ಒಳ್ಳೆಯದಲ್ಲ. ಅಂಗೈಯ ಬುಡ ಅದರೊಳಗೆ ಇಳಿದು ಮಣಿಕಟ್ಟು ಇನ್ನಷ್ಟು ಹಿಂದಕ್ಕೆ ಬಾಗುತ್ತದೆ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಅಡುಗೆಮನೆಯ ಗಟ್ಟಿ ನೆಲ ಅಥವಾ ಒಂದು ಪ್ಲೈವುಡ್ ಹಲಗೆ ಎಷ್ಟೋ ಮೇಲು.

ಎಲ್ಲಕ್ಕಿಂತ ಹೆಚ್ಚಿನ ಕಾಳಜಿ ಬೇಕಾದುದು ಮಣಿಕಟ್ಟಿಗೆ. ವಾರಕ್ಕೆ ಎಷ್ಟು ದಿನ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಅದೇ. ಕೈ ಮೇಲೆ ನಿಂತಾಗ ಅದು ಹತ್ತಿರ ಹತ್ತಿರ 90 ಡಿಗ್ರಿ ಹಿಂದಕ್ಕೆ ಬಾಗಿ ಮೈಯ ಪೂರ್ತಿ ಭಾರ ಹೊರುತ್ತದೆ. ಇಡೀ ದಿನ ಕೀಬೋರ್ಡಿನ ಮೇಲಿದ್ದ ಕೈಗೆ ಇದು ಪೂರಾ ಹೊಸದು. ಸ್ನಾಯು ವಾರಗಳಲ್ಲಿ ಗಟ್ಟಿಯಾದರೆ ಸ್ನಾಯುರಜ್ಜು, ಅಸ್ಥಿಬಂಧಗಳಿಗೆ ತಿಂಗಳುಗಳೇ ಬೇಕು. ಬಲ ಬಂದಿದೆ ಎಂಬ ಹುಮ್ಮಸ್ಸಿನಲ್ಲಿ ಏಳೂ ದಿನ ಮಾಡಿದವರು ಎರಡನೆಯ ತಿಂಗಳಲ್ಲಿ ಮಣಿಕಟ್ಟಿನ ಹಿಂಬದಿ ಹಿಡಿದುಕೊಂಡು ಬರುವುದನ್ನು ನೋಡಿದ್ದೇನೆ. ದಿನದ 15 ನಿಮಿಷದಲ್ಲಿ ಮೊದಲ 4–5 ನಿಮಿಷ ಕೈಗೇ ಮೀಸಲಿಡಿ. ಮಂಡಿಯೂರಿ ಕೂತು ಅಂಗೈ ನೆಲಕ್ಕಿಟ್ಟು ಹಿಂದೆ ಮುಂದೆ ತೂಗಿ. ಆಮೇಲೆ ಬೆರಳುಗಳು ಮಂಡಿಯ ಕಡೆಗೆ ಬರುವಂತೆ ತಿರುಗಿಸಿ ಮೆಲ್ಲಗೆ ಹಿಂದಕ್ಕೆ ಒರಗಿ. ಅಂಗೈ ಊರಿದಂತೆಯೇ ಬುಡವನ್ನಷ್ಟೇ ಮೇಲೆತ್ತಿ ಇಳಿಸಿ. ಚಳಿಗಾಲದ ಬೆಳಿಗ್ಗೆಯಾದರೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡೇ ಶುರುಮಾಡುವುದು ವಾಸಿ. ಮೈ ಕಾದಂತೆ ಹೋಗುವ ಬಿಗಿತ ಬೇರೆ, ಮುಳ್ಳಿನಂತೆ ಚುಚ್ಚುವ ನೋವು ಬೇರೆ. ಚುಚ್ಚಿದರೆ ಅವತ್ತಿಗೆ ಅಲ್ಲಿಗೆ ಮುಗಿಯಿತು. ಎರಡು ದಿನದ ಮೇಲೂ ಉಳಿದರೆ ವಾರ ಬಿಡಿ, ಡಾಕ್ಟರಿಗೆ ತೋರಿಸಿ.

ಎಲ್ಲರಿಗೂ ಇದು ಸಲ್ಲದು. ತಲೆಕೆಳಗಾದಾಗ ಕಣ್ಣಿನ ಒಳಗಿನ ಒತ್ತಡ ಏರುತ್ತದೆ. ಶೀರ್ಷಾಸನದಲ್ಲಿ ಅದು ಸುಮಾರು ಎರಡರಷ್ಟಾಗುವುದನ್ನು ವೈದ್ಯರು ಅಳೆದು ನೋಡಿದ್ದಾರೆ. ಗ್ಲಾಕೋಮಾ ಇರುವವರು, ರೆಟಿನಾದ ತೊಂದರೆ ಇರುವವರು ಇದರ ಗೊಡವೆಗೆ ಹೋಗಲೇಬಾರದು. ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರೂ ಅಷ್ಟೇ. ನಮ್ಮಲ್ಲಿ ಬಿಪಿಯನ್ನು ವರ್ಷಗಟ್ಟಲೆ ನೋಡಿಸದೇ ಇರುವವರು ಬೇಕಾದಷ್ಟಿದ್ದಾರೆ. ಮೊದಲು ಅದನ್ನು ನೋಡಿಸಿಕೊಂಡು ಬನ್ನಿ ಎಂದು ಹೇಳದೆ ನಾನು ಯಾರನ್ನೂ ಗೋಡೆಯ ಹತ್ತಿರ ಕರೆಯುವುದಿಲ್ಲ.

ಹಾಗಾದರೆ ಶನಿವಾರದ ತರಗತಿ ಯಾತಕ್ಕೆ? ತಿದ್ದಿಕೊಳ್ಳಲಿಕ್ಕೆ. ತಲೆಕೆಳಗಾದವರಿಗೆ ತಮ್ಮ ಸೊಂಟ ಬಾಗಿದೆಯೋ ನೆಟ್ಟಗಿದೆಯೋ ಗೊತ್ತಾಗುವುದಿಲ್ಲ. ನೋಡಿ ಹೇಳುವ ಇನ್ನೊಂದು ಜೊತೆ ಕಣ್ಣು ಬೇಕು. ಶನಿವಾರ ತಿದ್ದಿಸಿಕೊಂಡದ್ದನ್ನು ಸೋಮವಾರ, ಮಂಗಳವಾರ, ಗುರುವಾರ, ಶುಕ್ರವಾರ ಮನೆಯಲ್ಲಿ ಮಾಡಿ, ಬುಧವಾರ ಮತ್ತು ಭಾನುವಾರ ಕೈಗೆ ರಜೆ ಕೊಟ್ಟರೆ ನನ್ನ ಲೆಕ್ಕ ಸರಿಹೋಗುತ್ತದೆ. ಹೊತ್ತನ್ನು ಬೇರೆ ಹುಡುಕಬೇಕಾಗಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಮೊದಲು, ಇಲ್ಲವೇ ಸಂಜೆ ಕುಕ್ಕರ್ ಕೂಗುವವರೆಗೆ, ಒಟ್ಟಿನಲ್ಲಿ ಹೊಟ್ಟೆ ಖಾಲಿ ಇದ್ದರೆ ಸರಿ.

ಊರಿಗೆ ಹೋಗಿಬರುವ ತಿಂಗಳಲ್ಲಿ ಇದೆಲ್ಲ ತಪ್ಪುತ್ತದೆ. ಮದುವೆ, ನೆಂಟರು, ಪ್ರಯಾಣದ ನಡುವೆ ಯಾರೂ ಗೋಡೆ ಹುಡುಕಿಕೊಂಡು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕೈಗಳನ್ನು ಮಾತ್ರ ದಿನಾ ಎರಡು ನಿಮಿಷ ನೆಲಕ್ಕೆ ಊರಿ ತೂಗುತ್ತಿರಿ. ವಾಪಸು ಬಂದ ಮೇಲೆ ಮೊದಲ ವಾರ ಹಿಂದಿನ ಅರ್ಧದಷ್ಟೇ ಹೊತ್ತು, ಅದೂ ಗೋಡೆಗೆ ಒರಗಿ. ಎರಡನೆಯ ವಾರ ಮುಕ್ಕಾಲು ಪಾಲು. ಕಳೆದುಹೋಯಿತು ಎಂದುಕೊಂಡ ಸಮತೋಲ ಮೂರನೆಯ ವಾರದ ಹೊತ್ತಿಗೆ ಬಹುಮಟ್ಟಿಗೆ ಮರಳಿರುತ್ತದೆ. ಮಣಿಕಟ್ಟು ಅದಕ್ಕಿಂತ ತುಸು ತಡ ಮಾಡಿದರೆ ಅದಕ್ಕಾಗಿ ಕಾಯಿರಿ.